ಮುಳುಗುತ್ತಲೇ ದಡ ಸೇರಿದ ಹಡಗು

1942ರ ಆಗಸ್ಟ್ 12. ರಾತ್ರಿ ಎಂಟಾಗಲು ಇನ್ನು ಕೆಲವೇ ನಿಮಿಷ. ಟುನೀಶಿಯಾ ಮತ್ತು ಸಿಸಿಲಿಯ ನಡುವಿನ ಇಕ್ಕಟ್ಟಾದ ಸಮುದ್ರದಲ್ಲಿ ಇಟಲಿಯ ಜಲಾಂತರ್ಗಾಮಿ ‘ಆಕ್ಸುಮ್’ ನಾಲ್ಕು ಟಾರ್ಪಿಡೊಗಳನ್ನು ಒಟ್ಟಿಗೆ ಬಿಟ್ಟು ಆಳಕ್ಕಿಳಿಯಿತು. ಮರುಕ್ಷಣವೇ ಮೂರು ಹಡಗುಗಳು ಒಂದರ ಹಿಂದೊಂದು ಸಿಡಿದವು. ಮೊದಲನೆಯದು ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಇದ್ದ ‘ನೈಜೀರಿಯಾ’ ಕ್ರೂಸರ್. ಎರಡನೆಯದು ‘ಕೈರೊ’. ಮಾಲ್ಟಾದಿಂದ ಹಾರಿಬರುವ ಯುದ್ಧವಿಮಾನಗಳ ಜೊತೆ ಮಾತಾಡಿ ದಾರಿ ತೋರಿಸಬಲ್ಲ ರೇಡಿಯೊ ಇದ್ದದ್ದು ಈ ಎರಡೇ ಹಡಗುಗಳಲ್ಲಿ. ಮೂರನೆಯದು ಯುದ್ಧನೌಕೆಯೇ ಅಲ್ಲ, ಎಣ್ಣೆ ಸಾಗಿಸುವ ‘ಒಹಾಯೊ’. ಅದರ ಪಂಪ್ ಕೋಣೆಯ ಪಕ್ಕ ಲಾರಿ ನುಗ್ಗುವಷ್ಟು ದೊಡ್ಡ ರಂಧ್ರ ಬಿತ್ತು. ಟ್ಯಾಂಕಿನ ಮುಚ್ಚಳಗಳು ಹಾರಿದವು. ಸೀಮೆಎಣ್ಣೆ ಕಾರಂಜಿಯಂತೆ ಚಿಮ್ಮಿತು, ಚಿಮ್ಮಿದ ಎಣ್ಣೆಗೆ ಬೆಂಕಿ ಹತ್ತಿತು.

ಹಡಗಿನ ಹೊಟ್ಟೆಯಲ್ಲಿದ್ದದ್ದು ಸುಮಾರು 11,500 ಟನ್ ಇಂಧನ.

ಕ್ಯಾಪ್ಟನ್ ಡಡ್ಲಿ ಮೇಸನ್ ಇಂಜಿನ್ ನಿಲ್ಲಿಸಿದರು. ಅಂಥ ಹಡಗಿಗೆ ಬೆಂಕಿ ಬಿದ್ದರೆ ದೋಣಿ ಇಳಿಸಿ ದೂರ ಹೋಗುವುದೇ ಜಾಣತನ ಎಂದು ಯಾರಾದರೂ ಹೇಳಿಯಾರು. ಆದರೆ ಮೇಸನ್‌ರ ಜನ ಕೈಯಲ್ಲಿ ಹಿಡಿಯುವ ಅಗ್ನಿಶಾಮಕಗಳನ್ನು ಎತ್ತಿಕೊಂಡು ಜ್ವಾಲೆಯ ಕಡೆಗೇ ಓಡಿದರು. ರಂಧ್ರದಿಂದ ನುಗ್ಗಿದ ಸಮುದ್ರವೂ ಬೆಂಕಿಯ ಮೇಲೆಯೇ ಹರಿಯಿತು. ಬೆಂಕಿ ಆರಿತು. ಆದರೆ ಡೆಕ್ ಹರಿದು ತೆರೆದುಕೊಂಡಿತ್ತು, ದಿಕ್ಸೂಚಿ ಕೆಟ್ಟಿತ್ತು, ಮುಂದಿನಿಂದ ಚುಕ್ಕಾಣಿ ತಿರುಗಿಸುವ ಹಾಗಿರಲಿಲ್ಲ. ಮಾಲ್ಟಾ ಇನ್ನೂ ಬಹುದೂರ.

ಒಂದು ಟ್ಯಾಂಕರಿಗಾಗಿ ಬ್ರಿಟಿಷ್ ನೌಕಾಪಡೆ ಅಷ್ಟೊಂದು ಹಡಗುಗಳನ್ನು ಪಣಕ್ಕಿಟ್ಟದ್ದೇಕೆ? ಆ ಬೇಸಿಗೆಯಲ್ಲಿ ಮಾಲ್ಟಾ ಹಸಿದಿತ್ತು. ಬ್ರಿಟಿಷರ ಕೈಯಲ್ಲಿದ್ದ ಆ ಪುಟ್ಟ ದ್ವೀಪದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಉತ್ತರ ಆಫ್ರಿಕಾದಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ನ ಸೇನೆಗೆ ಇಟಲಿಯಿಂದ ಹೋಗುವ ಪೆಟ್ರೋಲು, ಮದ್ದುಗುಂಡುಗಳ ದಾರಿಗೆ ಅಡ್ಡ ಕೂತದ್ದು ಈ ದ್ವೀಪವೇ. ಇಲ್ಲಿಂದ ಹೊರಟ ವಿಮಾನಗಳೂ ಜಲಾಂತರ್ಗಾಮಿಗಳೂ ಶತ್ರುವಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಹಾಗಾಗಿ ಜರ್ಮನ್, ಇಟಾಲಿಯನ್ ವಿಮಾನಗಳು ತಿಂಗಳುಗಟ್ಟಲೆ ಅದರ ಮೇಲೆ ಬಾಂಬು ಸುರಿದವು. ತಲೆಗೆ ದಿನಕ್ಕೆ ಸುಮಾರು 300 ಗ್ರಾಂ ಬ್ರೆಡ್ಡು. ಅಡುಗೆಗೆ ಸೀಮೆಎಣ್ಣೆಯಿಲ್ಲದೆ ಜನ ಸಾಮೂಹಿಕ ಅಡುಗೆಮನೆಗಳ ಮುಂದೆ ಸಾಲು ನಿಲ್ಲುತ್ತಿದ್ದರು. ದಾಸ್ತಾನಿನ ಲೆಕ್ಕ ಇಟ್ಟವರ ಬಳಿ ಒಂದು ತಾರೀಖಿತ್ತು. ಅಷ್ಟರೊಳಗೆ ಹಡಗು ಬಾರದಿದ್ದರೆ ದ್ವೀಪ ಶರಣಾಗಲೇಬೇಕು. ಆ ತಾರೀಖು ಹತ್ತಿರವಾಗುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಎರಡು ಹಡಗುಗಳು ಬಂದರು ಸೇರಿದ್ದವು, ‘ಟಾಲಬಾಟ್’ ಮತ್ತು ‘ಪಾಂಪಾಸ್’. ಸರಕು ಇಳಿಸುವುದು ತಡವಾಯಿತು. ಮೂರೇ ದಿನದಲ್ಲಿ ಎರಡೂ ಧಕ್ಕೆಯ ಪಕ್ಕದಲ್ಲೇ ಬಾಂಬಿಗೆ ಬಲಿಯಾದವು. ಸಮುದ್ರ ದಾಟಿ ಬಂದ ಅನ್ನ ಕಣ್ಣೆದುರೇ ಸುಟ್ಟುಹೋಯಿತು. ಜೂನ್‌ನಲ್ಲಿ ಪಶ್ಚಿಮದಿಂದ ಹೊರಟ ಆರು ಹಡಗುಗಳಲ್ಲಿ ತಲುಪಿದ್ದು ಎರಡು. ಪೂರ್ವದಿಂದ ಹೊರಟ ತಂಡ ಅರ್ಧ ದಾರಿಯಿಂದಲೇ ಹಿಂದಿರುಗಿತು. ಆ ಜೂನ್ ಯಾತ್ರೆಯಲ್ಲಿ ‘ಕೆಂಟಕಿ’ ಎಂಬ ಹೊಸ ಟ್ಯಾಂಕರ್ ಇತ್ತು. ಬಾಂಬು ಅದಕ್ಕೆ ನೇರವಾಗಿ ತಗಲಿದ್ದೂ ಅಲ್ಲ. ಪಕ್ಕದಲ್ಲಿ ಸಿಡಿದ ರಭಸಕ್ಕೆ ಒಂದು ಉಗಿ ಕೊಳವೆ ಮುರಿಯಿತು, ಇಂಜಿನ್ ನಿಂತಿತು, ಹಡಗನ್ನು ಬಿಟ್ಟು ಮುಳುಗಿಸಬೇಕಾಯಿತು. ಒಂದು ಕೊಳವೆಗೆ ಒಂದು ದ್ವೀಪದ ಎಣ್ಣೆ ಹೋಯಿತು.

ಆ ಸೋಲುಗಳನ್ನು ಎದುರಿಗಿಟ್ಟುಕೊಂಡು ಸರಬರಾಜು ಅಧಿಕಾರಿಗಳು ಮಾಡಿದ ತಯಾರಿಯೇ ಈ ಸಾಹಸದ ಅಡಿಪಾಯ. ಅಮೆರಿಕದಿಂದ ಬ್ರಿಟಿಷರ ಕೈಗೆ ಬಂದ ‘ಒಹಾಯೊ’ದ ಇಂಜಿನ್‌ಗಳ ಕೆಳಗೆ ರಬ್ಬರ್ ಹಾಸಿದರು. ಉಗಿ ಕೊಳವೆಗಳಿಗೆಲ್ಲ ಉಕ್ಕಿನ ಸ್ಪ್ರಿಂಗು, ಮರದ ದಿಮ್ಮಿಗಳ ಆಸರೆ ಕೊಟ್ಟರು. ಉಳಿದ 13 ಸರಕು ಹಡಗುಗಳಿಗೆ ಹಿಟ್ಟು, ಮಾಂಸದ ಡಬ್ಬಿ, ಮದ್ದುಗುಂಡು, ವಿಮಾನದ ಪೆಟ್ರೋಲಿನ ತಗಡಿನ ಡಬ್ಬಗಳನ್ನು ಬೆರೆಸಿಯೇ ತುಂಬಿದರು. ಯಾವ ಹಡಗು ಮುಳುಗಿದರೂ ದ್ವೀಪಕ್ಕೆ ಯಾವುದೊಂದು ವಸ್ತುವೂ ಪೂರ್ತಿ ಇಲ್ಲವಾಗಬಾರದು, ಎರಡೇ ಹಡಗು ತಲುಪಿದರೂ ಎಲ್ಲವೂ ಸ್ವಲ್ಪಸ್ವಲ್ಪ ತಲುಪಬೇಕು ಎಂಬ ಲೆಕ್ಕ ಅದು. ಈ ಲೆಕ್ಕದಿಂದ ಪ್ರತಿ ಹಡಗೂ ಸಿಡಿಮದ್ದಿನ ಉಗ್ರಾಣವಾಯಿತು. ಅದನ್ನು ನಡೆಸುವವರ ಜೀವವನ್ನು ದ್ವೀಪದ ಹಸಿವಿನ ಎದುರು ತೂಗಿ ತೆಗೆದುಕೊಂಡ ತೀರ್ಮಾನ ಅದು. ಅದು ಸರಿ ಎಂದೇ ನನಗೆ ಅನ್ನಿಸುತ್ತದೆ, ಆದರೆ ಅದಕ್ಕೆ ಸಹಿ ಹಾಕಿದವರ ಕೈ ನಡುಗದೆ ಇದ್ದಿರಲಾರದು.

ಕಾರ್ಯಾಚರಣೆಗೆ ಇಟ್ಟ ಹೆಸರು ‘ಪೆಡೆಸ್ಟಲ್’. ವೈಸ್ ಅಡ್ಮಿರಲ್ ನೆವಿಲ್ ಸೈಫ್ರೆಟ್ ಮುಖ್ಯಸ್ಥರು. ಎರಡು ಭಾರೀ ಯುದ್ಧನೌಕೆ, ಮೂರು ವಿಮಾನವಾಹಕ ನೌಕೆ, ಏಳು ಕ್ರೂಸರ್, 30ಕ್ಕೂ ಹೆಚ್ಚು ಡಿಸ್ಟ್ರಾಯರ್‌ಗಳ ಬೆಂಗಾವಲಿನಲ್ಲಿ 14 ಹಡಗುಗಳು ಸ್ಕಾಟ್ಲೆಂಡ್ ಬಿಟ್ಟವು. ಆಗಸ್ಟ್ 10ರ ಬೆಳಗಿನ ಜಾವ ಮಂಜಿನ ಮರೆಯಲ್ಲಿ ಜಿಬ್ರಾಲ್ಟರ್ ದಾಟಿದವು. ಮರುದಿನ ‘ಬ್ರೌನ್ ರೇಂಜರ್’ ಮತ್ತು ‘ಡಿಂಗಲ್‌ಡೇಲ್’ ಎಂಬ ಎರಡು ಪೂರೈಕೆ ಟ್ಯಾಂಕರ್‌ಗಳು ಸಾಗುತ್ತಿರುವಾಗಲೇ ಬೆಂಗಾವಲಿನ ನೌಕೆಗಳಿಗೆ ಕೊಳವೆ ಜೋಡಿಸಿ ಎಣ್ಣೆ ತುಂಬಿಸಿದವು. ಸಣ್ಣ ಡಿಸ್ಟ್ರಾಯರ್‌ಗಳ ಟ್ಯಾಂಕು ಮಾಲ್ಟಾಕ್ಕೆ ಹೋಗಿಬರಲು ಸಾಲದು. ಈ ಎರಡು ಹಡಗುಗಳಿಲ್ಲದಿದ್ದರೆ ಬೆಂಗಾವಲೇ ಇರುತ್ತಿರಲಿಲ್ಲ. ಎಣ್ಣೆ ತುಂಬುವಾಗ ನೇರವಾಗಿ ಒಂದೇ ವೇಗದಲ್ಲಿ ಸಾಗಬೇಕು, ಮಧ್ಯೆ ಕೊಳವೆ ತೂಗುತ್ತಿರುತ್ತದೆ, ತಪ್ಪಿಸಿಕೊಳ್ಳಲು ತಿರುಗುವಂತಿಲ್ಲ. ಅದೇ ಮಧ್ಯಾಹ್ನ ಜರ್ಮನ್ ಜಲಾಂತರ್ಗಾಮಿ ‘ಯು-73’ ಸದ್ದಿಲ್ಲದೆ ಒಳನುಗ್ಗಿತು. ವಿಮಾನವಾಹಕ ‘ಈಗಲ್’ಗೆ ನಾಲ್ಕು ಟಾರ್ಪಿಡೊ. ಎಂಟು ನಿಮಿಷದಲ್ಲಿ ಅಷ್ಟು ದೊಡ್ಡ ಹಡಗು ಮಗುಚಿ ಮಾಯವಾಯಿತು. ಸುಮಾರು 900 ಜನರನ್ನು ನೀರಿನಿಂದ ಎತ್ತಿದರು. ನೂರಕ್ಕೂ ಹೆಚ್ಚು ಜನ ಹಡಗಿನೊಂದಿಗೇ ಹೋದರು.

12ರ ಸಂಜೆ ಭಾರೀ ನೌಕೆಗಳು ಯೋಜನೆಯಂತೆ ಹಿಂದಿರುಗಿದವು. ಇಕ್ಕಟ್ಟಾದ ಆ ನೀರಿನಲ್ಲಿ ಅವಕ್ಕೆ ಜಾಗವಿರಲಿಲ್ಲ. ಬರೋ ಅವರ ಕ್ರೂಸರ್‌ಗಳು ಮುಂದುವರಿದವು. ಒಂದು ಗಂಟೆಯೂ ಕಳೆದಿರಲಿಲ್ಲ, ‘ಆಕ್ಸುಮ್’ ಹೊಡೆಯಿತು. ಸಾಲು ಚೆಲ್ಲಾಪಿಲ್ಲಿಯಾಯಿತು. ಬರೋ ‘ಅಶಾಂಟಿ’ ಎಂಬ ಡಿಸ್ಟ್ರಾಯರ್‌ಗೆ ಹಾರಿಕೊಂಡು ಅಲ್ಲಿಂದಲೇ ತಂಡವನ್ನು ಮುನ್ನಡೆಸಿದರು. ಮುಸ್ಸಂಜೆಗೆ ವಿಮಾನಗಳು ಬಂದವು: ‘ಎಂಪೈರ್ ಹೋಪ್’ ಹೋಯಿತು, ‘ಕ್ಲಾನ್ ಫರ್ಗುಸನ್’ ಹೋಯಿತು. ನಡುರಾತ್ರಿ ದಾಟಿದ ಮೇಲೆ ಟುನೀಶಿಯಾದ ಕೇಪ್ ಬಾನ್ ಬಳಿಯ ಕತ್ತಲಿನಿಂದ ಟಾರ್ಪಿಡೊ ದೋಣಿಗಳು ಚಿಮ್ಮಿ ಬಂದವು. ‘ಮ್ಯಾಂಚೆಸ್ಟರ್’ ಕ್ರೂಸರ್ ನಿಂತುಹೋಯಿತು. ‘ವೈರಂಗಿ’, ‘ಅಲ್ಮೇರಿಯಾ ಲೈಕ್ಸ್’, ‘ಸಾಂಟಾ ಎಲಿಸಾ’, ‘ಗ್ಲೆನಾರ್ಚಿ’, ಒಂದೊಂದಾಗಿ ಮುಗಿದವು.

ಈ ಕತ್ತಲೆಯಲ್ಲಿ ದಿಕ್ಸೂಚಿ ಇಲ್ಲದ ‘ಒಹಾಯೊ’ ಬರುತ್ತಿದೆ. ‘ಲೆಡ್ಬರಿ’ ಎಂಬ ಪುಟ್ಟ ಡಿಸ್ಟ್ರಾಯರ್ ತನ್ನ ಹಿಂಬದಿಗೆ ಒಂದು ಮಂದ ದೀಪ ಹಚ್ಚಿ ಮುಂದೆ ನಡೆಯುತ್ತಿದೆ. ಮೇಸನ್‌ರ ಜನ ಹಡಗಿನ ಹಿಂಭಾಗದ ತುರ್ತು ಚುಕ್ಕಾಣಿ ಹಿಡಿದು ಆ ದೀಪದ ಹಿಂದೆ ಬರುತ್ತಿದ್ದಾರೆ. ‘ಲೆಡ್ಬರಿ’ಯ ಕಮಾಂಡರ್ ರಾಜರ್ ಹಿಲ್. ಒಂದು ತಿಂಗಳ ಹಿಂದೆ, ಜುಲೈನಲ್ಲಿ, ಉತ್ತರ ಧ್ರುವದ ಸಮುದ್ರದಲ್ಲಿ ಪಿಕ್ಯು-17 ಎಂಬ ಸರಕು ತಂಡವನ್ನು ಮೇಲಿನ ಆದೇಶದಂತೆ ಬಿಟ್ಟು ಬಂದವರು. ಬೆಂಗಾವಲಿಲ್ಲದೆ ಚದುರಿದ ಆ ತಂಡ ಒಟ್ಟು 24 ಹಡಗುಗಳನ್ನು ಕಳೆದುಕೊಂಡಿತು. ಆ ನೋವು ಅವರೊಳಗೆ ಹಸಿಯಾಗಿತ್ತು. ಇನ್ನೊಮ್ಮೆ ಸರಕು ಹಡಗಿನವರನ್ನು ಬಿಟ್ಟುಹೋಗುವುದಿಲ್ಲ ಎಂದು ಅವರು ನಿಶ್ಚಯಿಸಿಕೊಂಡೇ ಬಂದಿದ್ದರು.

ಬೆಳಿಗ್ಗೆ ಎಂಟರ ಹೊತ್ತಿಗೆ ಆ ನಿಶ್ಚಯಕ್ಕೆ ಪರೀಕ್ಷೆ ಬಂತು. ‘ವೈಮರಾಮಾ’ಕ್ಕೆ ಬಾಂಬುಗಳು ಬಿದ್ದವು. ಪೆಟ್ರೋಲಿನ ಡಬ್ಬಗಳೂ ಮದ್ದುಗುಂಡುಗಳೂ ಒಮ್ಮೆಗೇ ಸಿಡಿದವು. ಹಡಗು ಇದ್ದ ಜಾಗದಲ್ಲಿ ಬೆಂಕಿಯ ಗೋಡೆ. ಹಿಂದೆ ಬರುತ್ತಿದ್ದ ‘ಮೆಲ್ಬರ್ನ್ ಸ್ಟಾರ್’ಗೆ ತಿರುಗಲು ಸಮಯವಿರಲಿಲ್ಲ, ಜ್ವಾಲೆಯೊಳಗೇ ನುಗ್ಗಿತು. ತಮ್ಮ ಹಡಗೇ ಸಿಡಿಯಿತೆಂದು ಅದರ ಕೆಲವರು ಸಮುದ್ರಕ್ಕೆ ಹಾರಿದರು. ಹಡಗೋ ಬಣ್ಣ ಸುಟ್ಟುಕೊಂಡು ಆಚೆ ದಾಟಿತು. ಉರಿಯುವ ನೀರಿನಲ್ಲಿ ತಲೆಗಳು ಕಾಣುತ್ತಿದ್ದವು. 17 ವರ್ಷದ ಕೆಡೆಟ್ ಫ್ರೆಡ್ರಿಕ್ ಟ್ರೀವ್ಸ್ ಈಜು ಬಾರದ ರೇಡಿಯೊ ಅಧಿಕಾರಿಯನ್ನು ಬೆಂಕಿಯಿಂದ ದೂರ ಎಳೆದ. ಹಿಲ್ ‘ಲೆಡ್ಬರಿ’ಯನ್ನು ನೇರ ಆ ಬೆಂಕಿಯೊಳಕ್ಕೆ ಒಯ್ದರು. ಅವರ ನಾವಿಕರು ಹಗ್ಗ ಕಟ್ಟಿಕೊಂಡು ನೀರಿಗೆ ಧುಮುಕಿ 40ಕ್ಕೂ ಹೆಚ್ಚು ಜನರನ್ನು ಎಳೆದುಕೊಂಡರು. ‘ವೈಮರಾಮಾ’ದ 80ಕ್ಕೂ ಹೆಚ್ಚು ಜನ ಮಾತ್ರ ಮರಳಲಿಲ್ಲ.

ಆಮೇಲೆ ವಿಮಾನಗಳೆಲ್ಲ ‘ಒಹಾಯೊ’ದ ಮೇಲೆ. ಹೊಡೆದುರುಳಿಸಿದ ಒಂದು ಸ್ಟೂಕಾ ವಿಮಾನ ಡೆಕ್ಕಿನ ಮೇಲೇ ಬಿತ್ತು. ಇನ್ನೊಂದು ದೊಡ್ಡ ಬಾಂಬರ್ ಸಮುದ್ರಕ್ಕೆ ಅಪ್ಪಳಿಸಿ ಪುಟಿದು ಹಡಗಿನ ಮೇಲೆ ಬಂದು ಕೂತಿತು. ಹಿಂಭಾಗದಿಂದ ಮುಖ್ಯ ಅಧಿಕಾರಿ ಗಾಬರಿಯಲ್ಲಿ ಫೋನ್ ಮಾಡಿ ಅದನ್ನು ತಿಳಿಸಿದರಂತೆ. ಮುಂದೆ ಇನ್ನೊಂದು ವಿಮಾನ ಅರ್ಧ ಗಂಟೆಯಿಂದ ಕೂತಿದೆ, ಅದೇನು ದೊಡ್ಡ ವಿಷಯ ಎಂಬ ಅರ್ಥದಲ್ಲಿ ಮೇಸನ್ ಉತ್ತರ ಕೊಟ್ಟರಂತೆ. ಆಜುಬಾಜಿನಲ್ಲಿ ಸಿಡಿದ ಬಾಂಬುಗಳು ಹಡಗನ್ನೇ ನೀರಿನಿಂದ ಮೇಲೆತ್ತಿ ಕುಕ್ಕಿದವು. ಬಾಯ್ಲರ್‌ಗಳ ಬೆಂಕಿ ನಂದಿತು. ಇಂಜಿನಿಯರ್‌ಗಳು ಮತ್ತೆ ಹಚ್ಚಿದರು. ಮತ್ತೆ ನಂದಿತು. ‘ಕೆಂಟಕಿ’ಯನ್ನು ಕೊಂದಂಥ ಏಟುಗಳನ್ನು ರಬ್ಬರ್ ಹಾಸು, ಮರದ ದಿಮ್ಮಿಗಳು ಹೊತ್ತಷ್ಟು ಹೊತ್ತವು. ಕೊನೆಗೆ ಇಂಜಿನ್ ಪೂರ್ತಿ ನಿಂತಿತು.

ಅಂದು ಸಂಜೆ ‘ಪೋರ್ಟ್ ಚಾಮರ್ಸ್’, ‘ರೋಚೆಸ್ಟರ್ ಕ್ಯಾಸಲ್’, ‘ಮೆಲ್ಬರ್ನ್ ಸ್ಟಾರ್’ ಮಾಲ್ಟಾದ ಬಂದರು ಹೊಕ್ಕವು. ‘ಡಾರ್ಸೆಟ್’ ಮುಳುಗಿತು. ಮೂತಿಗೆ ಟಾರ್ಪಿಡೊ ತಿಂದಿದ್ದ ‘ಬ್ರಿಸ್ಬೇನ್ ಸ್ಟಾರ್’ನ ಕ್ಯಾಪ್ಟನ್ ಫ್ರೆಡ್ರಿಕ್ ರೈಲಿ ತಂಡದಿಂದ ಬೇರೆಯಾಗಿ ಒಬ್ಬಂಟಿಯಾಗಿ ಟುನೀಶಿಯಾದ ದಂಡೆ ಹಿಡಿದು ತೆವಳುತ್ತಿದ್ದರು. ಅಲ್ಲಿನ ಫ್ರೆಂಚ್ ಅಧಿಕಾರಿಗಳು ಹಡಗು ಹತ್ತಿ ಬಂದರಿಗೆ ಬಂದು ಶರಣಾಗಿ ಎಂದಾಗ, ರೈಲಿ ಅವರನ್ನು ಕೂರಿಸಿ ವಿಸ್ಕಿ ಕೊಟ್ಟು ಮಾತಿನಲ್ಲೇ ಒಲಿಸಿದರು. ಅವರು ಗಾಯಾಳು ಒಬ್ಬನನ್ನು ಆಸ್ಪತ್ರೆಗೆ ಕರೆದುಕೊಂಡು ಇಳಿದುಹೋದರು. ಕತ್ತಲಾದ ಮೇಲೆ ಹಡಗು ಮಾಲ್ಟಾದ ಕಡೆಗೆ ತಿರುಗಿತು, 14ರಂದು ತಲುಪಿತು.

ಎಣ್ಣೆ ಮಾತ್ರ ಇನ್ನೂ ಸಮುದ್ರದಲ್ಲೇ.

‘ಪೆನ್’ ಎಂಬ ಡಿಸ್ಟ್ರಾಯರ್ ‘ಒಹಾಯೊ’ಗೆ ದಪ್ಪ ಹಗ್ಗ ಕಟ್ಟಿ ಎಳೆಯಿತು. ಪಕ್ಕದಲ್ಲಿ ಹೊರಚಾಚಿದ ಉಕ್ಕಿನ ತಗಡುಗಳು ನೀರನ್ನು ಹಿಡಿದು ಹಡಗನ್ನು ಎಡಕ್ಕೇ ತಿರುಗಿಸುತ್ತಿದ್ದವು. ಹಗ್ಗ ಕಿತ್ತಿತು. ಮತ್ತೆ ವಿಮಾನಗಳು. ಜನರನ್ನು ಇಳಿಸಿಕೊಂಡರು. ಸಂಜೆ ಮತ್ತೆ ಹತ್ತಿದರು. ಮಾಲ್ಟಾದಿಂದ ‘ರೈ’ ಎಂಬ ಮೈನ್ ತೆಗೆಯುವ ಹಡಗು ಬಂತು. ಎಳೆಯತೊಡಗುತ್ತಿದ್ದಂತೆ ಇಂಜಿನ್ ಕೋಣೆಯ ಮೇಲೆ ಬಾಂಬು ಬಿತ್ತು. ಎರಡನೆಯ ಸಲ ಇಳಿದರು. 14ರ ಬೆಳಿಗ್ಗೆ ಮತ್ತೆ ಹತ್ತಿದರು. ಈ ಸಲ ಹತ್ತಿದವರಲ್ಲಿ ಮುಳುಗಿಹೋದ ಬೇರೆ ಹಡಗುಗಳವರೂ ಇದ್ದರು. ‘ಸಾಂಟಾ ಎಲಿಸಾ’ ಕಳೆದುಕೊಂಡ ಇಬ್ಬರು ಅಮೆರಿಕನ್ನರು, ಫ್ರೆಡ್ ಲಾರ್ಸನ್ ಮತ್ತು ಫ್ರಾನ್ಸಿಸ್ ಡೇಲ್ಸ್, ಯಾರೂ ಆಜ್ಞೆ ಮಾಡದೆಯೇ ಹೋಗಿ ವಿಮಾನ ಹೊಡೆಯುವ ತುಪಾಕಿಯ ಹಿಂದೆ ಕೂತರು. ತಮ್ಮದಲ್ಲದ ಹಡಗು, ಹಿಂದಿನ ದಿನ ತಾನೇ ಸಾವಿನ ಬಾಯಿಂದ ಬಂದವರು. ಈ ಇಡೀ ಕಥೆಯಲ್ಲಿ ನನ್ನ ಕಣ್ಣು ಒದ್ದೆಯಾಗುವುದು ಇಲ್ಲಿ.

ಇನ್ನೊಂದು ಬಾಂಬು ಚುಕ್ಕಾಣಿಯನ್ನು ಕಿತ್ತುಕೊಂಡು ಹೋಯಿತು. ಬೆನ್ನು ಮುರಿದ ಹಡಗು ನಡುವಿನಲ್ಲಿ ಬಾಗತೊಡಗಿತು. ಹಡಗಿನ ತಳ ಅನೇಕ ಟ್ಯಾಂಕುಗಳಾಗಿ ಬೇರ್ಪಟ್ಟಿತ್ತು, ನೀರಿಗಿಂತ ಹಗುರವಾದ ಎಣ್ಣೆ ಆ ಟ್ಯಾಂಕುಗಳಲ್ಲಿತ್ತು. ತಲುಪಿಸಬೇಕಾದ ಸರಕೇ ಹಡಗನ್ನು ತೇಲಿಸುತ್ತಿತ್ತು. ಇನ್ನೊಂದು ಏಟು ಬೀಳದಿದ್ದರೆ ಇನ್ನೂ ಹನ್ನೆರಡು ಗಂಟೆ ತೇಲಬಹುದು ಎಂದು ಮೇಸನ್ ಲೆಕ್ಕ ಹಾಕಿದರು.

ಆಗ ‘ಪೆನ್’ ಒಂದು ಪಕ್ಕ, ‘ಬ್ರಾಮಮ್’ ಇನ್ನೊಂದು ಪಕ್ಕ ಬಂದು ಮೈಗೆ ಮೈ ತಾಗಿಸಿ ಉಕ್ಕಿನ ಹಗ್ಗಗಳಿಂದ ಬಿಗಿದುಕೊಂಡವು. ನಡೆಯಲಾರದವನ ಕಂಕುಳಿಗೆ ಇಬ್ಬರು ಕೈಕೊಟ್ಟು ನಡೆಸುವ ಹಾಗೆ ಎರಡು ಡಿಸ್ಟ್ರಾಯರ್‌ಗಳು ಆ 500 ಅಡಿಗೂ ಹೆಚ್ಚು ಉದ್ದದ ಹಡಗನ್ನು ಹೊತ್ತು ಹೊರಟವು. ಹೀಗೆ ಬಿಗಿದುಕೊಂಡ ಯುದ್ಧನೌಕೆ ತಿರುಗಲಾರದು, ಓಡಲಾರದು. ಒಂದು ಟಾರ್ಪಿಡೊ ಬಂದರೆ ಮೂರೂ ಒಟ್ಟಿಗೆ ಹೋಗಬೇಕು. ಆ ಕಮಾಂಡರ್‌ಗಳು ಅದನ್ನು ತಿಳಿದೇ ಹಗ್ಗ ಕಟ್ಟಿಸಿಕೊಂಡರು. ಮಾಲ್ಟಾದ ಸ್ಪಿಟ್‌ಫೈರ್ ಯುದ್ಧವಿಮಾನಗಳು ಮೇಲೆ ಬಂದು ಉಳಿದ ದಾಳಿಗಳನ್ನು ಚದುರಿಸಿದವು. ವೇಗ ನಾಲ್ಕೈದು ನಾಟ್. ರಾತ್ರಿಯಿಡೀ ಹಗ್ಗಗಳು ಕಿತ್ತವು, ರಾತ್ರಿಯಿಡೀ ಮತ್ತೆ ಕಟ್ಟಿದರು. ಎರಡೂ ಬದಿ ಮೈನುಗಳ ಸಮುದ್ರ. ಡೆಕ್ಕಿಗೂ ನೀರಿಗೂ ನಡುವೆ ಒಂದು ಗಜವೂ ಉಳಿದಿರಲಿಲ್ಲ. ನಾಲ್ಕು ದಿನದಿಂದ ನಿದ್ದೆಯಿಲ್ಲದ ಜನ ನಿಂತಲ್ಲೇ ಕುಸಿಯುತ್ತಿದ್ದರು.

ಆಗಸ್ಟ್ 15ರ ಬೆಳಿಗ್ಗೆ ಒಂಬತ್ತೂವರೆ. ಮಾಲ್ಟಾದವರಿಗೆ ಅದು ಸಾಂತಾ ಮರಿಯಾ ಹಬ್ಬ. ಕೋಟೆಯ ಗೋಡೆಗಳ ಮೇಲೆಲ್ಲ ಜನ. ಬ್ಯಾಂಡ್ ನುಡಿಯುತ್ತಿದ್ದಂತೆ ‘ಒಹಾಯೊ’ ಬಂದರಿನೊಳಗೆ ಬಂತು. ಆ ದ್ವೀಪದವರು ಆ ಹಡಗುಗಳ ಯಾತ್ರೆಯನ್ನು ಇಂದಿಗೂ ಕರೆಯುವುದು ಸಾಂತಾ ಮರಿಯಾ ಕಾನ್ವಾಯ್ ಎಂದೇ.

ಕೆಲಸ ಇನ್ನೂ ಮುಗಿದಿರಲಿಲ್ಲ. ಮಾರ್ಚ್‌ನ ಗಾಯ ಎಲ್ಲರಿಗೂ ನೆನಪಿತ್ತು. ಈ ಸಲ ಸೈನಿಕರನ್ನೂ ಧಕ್ಕೆಗೆ ಇಳಿಸಿ, ಹೊಗೆಯ ಪರದೆ ಹಾಕಿ, ಹಗಲು ರಾತ್ರಿ ಇಳಿಸಿದರು. ನಾಲ್ಕು ಸರಕು ಹಡಗುಗಳಿಂದ ಸುಮಾರು 32,000 ಟನ್ ಸಾಮಾನು ಹತ್ತು ದಿನದೊಳಗೆ ಉಗ್ರಾಣ ಸೇರಿತು. ‘ಒಹಾಯೊ’ವನ್ನು ಮೊದಲೇ ಮುಳುಗಿ ಕೂತಿದ್ದ ‘ಪ್ಲಮ್‌ಲೀಫ್’ ಎಂಬ ಟ್ಯಾಂಕರಿನ ಪಕ್ಕ ನಿಲ್ಲಿಸಿ ಪಂಪ್ ಹಚ್ಚಿದರು. ಎಣ್ಣೆ ಹೊರಗೆ ಹೋದಂತೆ ಹಡಗು ಕೆಳಗಿಳಿಯಿತು, ಕೊನೆಯ ಎಣ್ಣೆ ಮುಗಿಯುವ ಹೊತ್ತಿಗೆ ಬಂದರಿನ ತಳದಲ್ಲಿ ಕೂತಿತು. ಮೇಸನ್ ಅವರಿಗೆ ಜಾರ್ಜ್ ಕ್ರಾಸ್ ಶೌರ್ಯಪದಕ ಬಂತು. ಹೊರಟ 14ರಲ್ಲಿ ಉಳಿದದ್ದು ಐದು ಹಡಗು, ಸತ್ತವರು 500ಕ್ಕೂ ಹೆಚ್ಚು. ಮಾಲ್ಟಾದ ಜಲಾಂತರ್ಗಾಮಿಗಳು ಆ ಎಣ್ಣೆಯನ್ನೂ ವಿಮಾನಗಳು ಸರಕು ಹಡಗುಗಳು ತಂದ ಪೆಟ್ರೋಲನ್ನೂ ತುಂಬಿಸಿಕೊಂಡು ರೊಮೆಲ್‌ನ ಸರಕು ಹಡಗುಗಳ ಬೆನ್ನುಹತ್ತಿದವು. ಶರಣಾಗತಿಯ ತಾರೀಖು ಮುಂದಕ್ಕೆ ಹೋಯಿತು, ನವೆಂಬರ್ 20ಕ್ಕೆ ‘ಸ್ಟೋನೇಜ್’ ಎಂಬ ಮುಂದಿನ ತಂಡದ ಹಡಗುಗಳು ಬಂದು ಲಂಗರು ಹಾಕುವವರೆಗೂ ಆ ದಾಸ್ತಾನು ದ್ವೀಪವನ್ನು ಕಾಯಿತು.