ಆರುನೂರು ಚೌಕದ ಕಾಡು

ಕಾಲೇಜಿನಲ್ಲಿ ನಮ್ಮ ಮೂವರಿಗೆ ಹೆಸರಿಲ್ಲ. ಫಸ್ಟ್ ಇಯರ್‌ನಲ್ಲಿ ಯಾರೋ ಸೀನಿಯರ್ "ಊರು ಯಾವುದು?" ಅಂತ ಕೇಳಿದ್ದೇ ಬಂತು, ಅದೇ ಹೆಸರಾಗಿ ಉಳಿಯಿತು. ಒಬ್ಬ ಉಡುಪಿ, ಒಬ್ಬಳು ಕಾಪು, ಇನ್ನೊಬ್ಬ ಕಾರ್ಕಳ. ಮೂವರೂ ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಬಂದು ಹೋಗುವವರು. ಹಾಸ್ಟೆಲ್‌ನವರ ಲೆಕ್ಕದಲ್ಲಿ ಮನೆ ಊಟ ಉಂಡು ಕೊಬ್ಬಿದವರು. ಆದರೆ ಮಳೆಗೆ ರಜೆ ಅಂತ ಮೆಸೇಜ್ ಬರುವಷ್ಟರಲ್ಲಿ ಅರ್ಧ ಒದ್ದೆಯಾಗಿ ಕ್ಯಾಂಪಸ್ ಗೇಟಿನಲ್ಲಿ ನಿಂತಿರುವವರೂ ನಾವೇ, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಜುಲೈಯಲ್ಲಿ ಅಂಥ ಒಂದು ದಿನ ವಾಪಸ್ ಹೋಗುವ ಮನಸ್ಸಾಗದೆ ಕನ್ನಡ ಸಂಘದ ಕೋಣೆಯಲ್ಲಿ ಕೂತೆವು. ಕಾಪುವಿನ ಬ್ಯಾಗಿನಲ್ಲಿ ಒಂದು ಸಿಡಿ ಇತ್ತು. ಅವಳ ಮಾವ ಮುಂಬೈಯಿಂದ ಯಾವುದೋ ಕಾಲದಲ್ಲಿ ತಂದದ್ದು, ಅಟ್ಟ ಗುಡಿಸುವಾಗ ಸಿಕ್ಕಿತಂತೆ. ಹೆಸರು ಸಿಮ್‌ಪಾರ್ಕ್. ಸಿಮ್‌ಸಿಟಿ ಮಾಡಿದ ಮ್ಯಾಕ್ಸಿಸ್ ಕಂಪನಿಯೇ 1996ರಲ್ಲಿ ಮಕ್ಕಳಿಗೆ ಅಂತ ತಂದ ಆಟ. ನಮಗಿಂತ ಹಿರಿಯ. ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಹುಡುಕಲು ಒಂದು ಗಂಟೆ, ವರ್ಚುವಲ್ ಮೆಷಿನ್ ಒಳಗೆ ವಿಂಡೋಸ್ 98 ಹಾಕಲು ಎರಡು ಗಂಟೆ ಹೋಯಿತು. ಓಎಸ್ ಲ್ಯಾಬಿನಲ್ಲೂ ನಾವು ಇಷ್ಟು ಶ್ರದ್ಧೆ ತೋರಿಸಿದ್ದಿಲ್ಲ.

ಆಟ ಇಷ್ಟೇ. ಉತ್ತರ ಅಮೆರಿಕದಲ್ಲಿ ಎಲ್ಲೋ ಒಂದು ಖಾಲಿ ಜಾಗ ಕೊಡುತ್ತಾರೆ. ಅಲ್ಲಿ ಗಿಡ ನೆಡಬೇಕು, ಪ್ರಾಣಿ ತಂದು ಬಿಡಬೇಕು, ದಾರಿ ಮಾಡಿಸಬೇಕು, ರೇಂಜರ್‌ಗಳನ್ನು ನೇಮಿಸಬೇಕು. ಮೇಲಧಿಕಾರಿಯಿಂದ ಇಮೇಲ್ ಬರುತ್ತಿರುತ್ತದೆ. ನಡುನಡುವೆ ರಿಝೋ ಅಂತ ಒಂದು ಕಪ್ಪೆ ಬಂದು ಬುದ್ಧಿ ಹೇಳುತ್ತದೆ. ಉಡುಪಿ ಮೊದಲ ದಿನವೇ ಬೇಟೆಪ್ರಾಣಿಗಳನ್ನು ತಂದು ಸುರಿದ. ಸ್ವಲ್ಪ ಹೊತ್ತಿಗೆ ಹುಲ್ಲು ತಿನ್ನುವವು ಮುಗಿದವು, ಆಮೇಲೆ ಅವನ್ನು ತಿನ್ನುವವೂ ಮುಗಿದವು, ಕಡೆಗೆ ಬೆಂಚುಗಳು ಮಾತ್ರ ಉಳಿದವು. ಪರಿಸರ ಅಧ್ಯಯನದ ಪೇಪರಿನಲ್ಲಿ ಆಹಾರ ಸರಪಳಿಯ ಚಿತ್ರ ಬರೆದು ಐದು ಮಾರ್ಕು ಗಿಟ್ಟಿಸಿದ್ದ ನಮಗೆ ಆ ಸರಪಳಿ ನಿಜವಾಗಿ ತಲೆಗೆ ಹತ್ತಿದ್ದು ಆವತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ತಪ್ಪು ಮಾಡಲು ಬಿಡುವ ಮಾಸ್ತರರು ಕಡಿಮೆ, ಆ ಹಳೇ ಸಿಡಿ ಅಂಥವರಲ್ಲಿ ಒಬ್ಬರು.

ಆಟದಲ್ಲಿ ಎಲ್ಲವನ್ನೂ ಮೇಲಿನಿಂದ, ಸ್ವಲ್ಪ ಓರೆಯಾಗಿ ನೋಡುತ್ತೇವೆ. "ನಮ್ಮ ದೀಪಸ್ತಂಭದ ಮೇಲಿಂದ ಹೀಗೇ ಕಾಣ್ತದೆ," ಅಂದಳು ಕಾಪು. 1901ರಲ್ಲಿ ಕಟ್ಟಿದ ಆ ದೀಪಸ್ತಂಭದ ಮೇಲೆ ನಾವೂ ಹತ್ತಿದ್ದೇವೆ. ದೋಣಿ ಚುಕ್ಕೆ, ಮನುಷ್ಯ ಚುಕ್ಕೆ, ಅಲೆ ಒಂದು ಬಿಳಿ ಗೆರೆ. ಗಾಳಿ ಮಾತ್ರ ನಿಜ.

ಅದರ ಮುಂದಿನ ಭಾಗ ಸಿಮ್‌ಸಫಾರಿ, 1998ರದ್ದು. ಅದನ್ನೂ ಆಡಿದೆವು. ಅದು ಆಫ್ರಿಕಾದ ಉದ್ಯಾನ. ಅದರಲ್ಲಿ ಕಾಡು, ಪ್ರವಾಸಿಗರ ಕ್ಯಾಂಪ್ ಮತ್ತು ಪಕ್ಕದ ಹಳ್ಳಿ ಅಂತ ಮೂರು ಜಾಗ. ಹಳ್ಳಿ ಚೆನ್ನಾಗಿದ್ದರೆ ಉದ್ಯಾನವೂ ಚೆನ್ನಾಗಿರುತ್ತದೆ, ಹಳ್ಳಿಯವರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು. ಮಕ್ಕಳ ಆಟಕ್ಕೆ ಇದು ದೊಡ್ಡ ಮಾತೇ ಅಂತ ನಾವು ಮೆಚ್ಚಿಕೊಳ್ಳುತ್ತಿದ್ದಾಗ ಕಾರ್ಕಳ ತಣ್ಣಗೆ ಹೇಳಿದ: "ನಮ್ಮಲ್ಲಿ ಹಳ್ಳಿ ಪಕ್ಕದಲ್ಲಿಲ್ಲ ಮಾರಾಯ. ಒಳಗೇ ಉಂಟು."

ಅವನ ಅಜ್ಜಿಮನೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ. ಎರಡು ವರ್ಷ ಅವನ ಡಬ್ಬಿಯ ಪತ್ರೊಡೆ ತಿಂದ ನಮಗೆ ಇದು ಗೊತ್ತಿರಲಿಲ್ಲ.

ಹಾಗಾದರೆ ಕುದುರೆಮುಖವನ್ನೇ ಆಟ ಮಾಡುವ ಅಂತ ತೀರ್ಮಾನವಾಯಿತು. ಟೆಕ್ ಫೆಸ್ಟಿಗೆ ಒಂದು ಪ್ರಾಜೆಕ್ಟೂ ಆಯಿತು. ಆಡುವವರು ರೇಂಜರ್, ಕೆಲಸ ಕಾಡು ಉಳಿಸುವುದು. ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್, ಆದ್ದರಿಂದ 600 ಚೌಕ, ಒಂದು ಚೌಕಕ್ಕೆ ಒಂದು ಚದರ ಕಿಲೋಮೀಟರ್. ಲೆಕ್ಕ ಎಷ್ಟು ಚಂದ ಕೂತಿತೆಂದರೆ ನಾವು ಆ ಖುಷಿಗೇ ಗೋಳಿಬಜೆ ತರಿಸಿದೆವು.

ಓದಿಯೂ ಓದಿದೆವು. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು, 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಗಲು ಅದೊಂದು ಮುಖ್ಯ ಕಾರಣ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರದಿಂದ ಮರಕ್ಕೇ ಹೋಗುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಆದ್ದರಿಂದ ಮರಗಳ ನೆತ್ತಿ ಒಂದಕ್ಕೊಂದು ತಾಗಿಕೊಂಡೇ ಇರಬೇಕು, ನಡುವೆ ಕಡಿದರೆ ಅದರ ರಸ್ತೆಯೇ ಹೋಯಿತು. ಉದ್ಯಾನ ಘೋಷಣೆಯಾದಾಗ ಪಕ್ಕದಲ್ಲೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಅದಿರನ್ನು ಕೆಸರು ಮಾಡಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಈಗಲೂ ಆ ಪೈಪಿನ ಮೇಲೆ ಪ್ರೀತಿ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಉದ್ಯಾನವಾದ ಮೇಲೆ 18 ವರ್ಷ ಬೇಕಾಯಿತು. ನಮ್ಮ ಆಟದಲ್ಲಿ ಗಣಿ ಮುಚ್ಚಲು ಎರಡು ಕ್ಲಿಕ್ ಸಾಕು, ಎರಡನೆಯದು "ಖಚಿತವೇ?" ಅಂತ ಕೇಳುವ ಡಬ್ಬಿಗೆ.

ನಿಯಮ ಬರೆದವನು ಕಾರ್ಕಳ, ಮೂವರಲ್ಲಿ ಅವನದ್ದೇ ಕೋಡ್ ಚೊಕ್ಕ. ಸಿಂಗಳೀಕ ಹೆಚ್ಚಾದರೆ ಅಂಕ. ಕಾಡು ತುಂಡಾದರೆ ಅಂಕ ಕಡಿತ. ಮನೆ ಇರುವ ಚೌಕಕ್ಕೆ 'ತೊಂದರೆ' ಅಂತ ಒಂದು ಸಂಖ್ಯೆ, ಅಲ್ಲಿ ಪ್ರಾಣಿಗಳ ಸಂಖ್ಯೆ ಇಳಿಯುತ್ತದೆ. ರೇಂಜರ್ ಹಣ ಕೊಟ್ಟು ಮನೆಗಳನ್ನು ಹೊರಗೆ ಸ್ಥಳಾಂತರಿಸಬಹುದು. ನಿಜದಲ್ಲೂ ಪ್ಯಾಕೇಜ್ ಉಂಟು, ಒಪ್ಪಿ ಹೋದವರೂ ಇದ್ದಾರೆ, ಆದ್ದರಿಂದ ಅದು ಆಟದಲ್ಲಿ ಇರಲೇಬೇಕು ಅಂದವನೂ ಅವನೇ. ತನ್ನ ಅಜ್ಜಿಮನೆಯನ್ನು ಸರಿಯಾದ ಚೌಕದಲ್ಲಿ ಇಟ್ಟ. ತಮಾಷೆಗೆ ಅದಕ್ಕೊಂದು ತೆಂಗಿನಮರವನ್ನೂ ಬಿಡಿಸಿದ.

ಆಟ ಸಮತೋಲದಲ್ಲಿದೆಯೇ ಅಂತ ನೋಡಲು ಒಂದು ಆಟೋ ಪ್ಲೇಯರ್ ಬರೆದೆವು. ಪೈಥಾನ್‌ನಲ್ಲಿ ನಲವತ್ತು ಸಾಲು, ಏನೂ ಗೊತ್ತಿಲ್ಲದ ದಡ್ಡ ಪ್ರೋಗ್ರಾಂ. ಪ್ರತಿ ಸರದಿಯಲ್ಲಿ ಯಾವ ಕೆಲಸಕ್ಕೆ ಹೆಚ್ಚು ಅಂಕವೋ ಅದನ್ನು ಮಾಡುತ್ತದೆ, ಅಷ್ಟೇ. ರಾತ್ರಿ ಬಿಟ್ಟು ಹೋಗಿ ಬೆಳಿಗ್ಗೆ ಲಾಗ್ ತೆರೆದೆವು. 500 ಆಟಗಳಲ್ಲೂ ಅದು ಮೊದಲು ಮಾಡಿದ್ದು ಒಂದೇ ಕೆಲಸ: ಮನೆಗಳನ್ನು ಖಾಲಿ ಮಾಡಿಸಿದ್ದು. ಮೂರನೆಯ ಸರದಿಗೆ ಸಾಮಾನ್ಯವಾಗಿ ತೆಂಗಿನಮರ ಇರುವ ಚೌಕದ ಪಾಳಿ.

ನಾವು ಮೊದಲು ನಕ್ಕೆವು. ಕಾರ್ಕಳವೂ ನಕ್ಕ. ಆಮೇಲೆ ಅವನು ಲಾಗನ್ನು ಕೆಳಗೆ ಸರಿಸುತ್ತಾ ಹೋದ, ಆಟ 12, ಆಟ 13, ಆಟ 14, ಎಲ್ಲದರಲ್ಲೂ ಅದೇ ಸಾಲು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವನೇ ಹೇಳಿದ, "ಇದು ನನ್ನ ಅಪ್ಪನ ಹಾಗೇ ಯೋಚನೆ ಮಾಡ್ತದೆ."

ಆವತ್ತು ಗೊತ್ತಾಯಿತು. ಹಿಂದಿನ ಮಳೆಗಾಲದಲ್ಲಿ ಅಜ್ಜಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಿದ್ದರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ರಸ್ತೆಗೆ ತಂದಿದ್ದರಂತೆ. ಆವತ್ತಿನಿಂದ ಅವನ ಅಪ್ಪ ಪ್ಯಾಕೇಜ್ ತಗೊಂಡು ಎಲ್ಲರೂ ಕಾರ್ಕಳ ಪೇಟೆಗೆ ಬರುವ ಅನ್ನುತ್ತಾರೆ. ಅಜ್ಜಿ ಒಪ್ಪುವುದಿಲ್ಲ. ಮಾವ ಎರಡೂ ಕಡೆ ಮಾತಾಡುವುದಿಲ್ಲ, ಯಾಕೆಂದರೆ ಅವರು ಅದೇ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಇರುವುದು ಕಾರ್ಕಳದಲ್ಲೇ, ಮನೆಯವರು ಕಾಡಿನೊಳಗೆ. ಮಾವ ಎರಡರ ನಡುವೆ ಓಡಾಡುತ್ತಾರೆ.

ನಾವು ಕೋಡ್ ಮತ್ತೆ ಓದಿದೆವು. ಬಗ್ ಇದ್ದಿದ್ದರೆ ಸುಲಭ ಇತ್ತು. ಇರಲಿಲ್ಲ. ಎರಡು ಸಂಗತಿ ಮಾತ್ರ ಕಣ್ಣಿಗೆ ಬಿದ್ದವು. ಒಂದು, ಅಜ್ಜಿಯ ಅಡಿಕೆ ತೋಟ ಒಂದೂವರೆ ಎಕರೆ. ನಮ್ಮ ಒಂದು ಚೌಕ ಅಂದರೆ 247 ಎಕರೆ. ಆ ಒಂದೂವರೆ ಎಕರೆಗಾಗಿ ಇಡೀ ಚೌಕವನ್ನು ಕೆಂಪು ಮಾಡಿಟ್ಟಿದ್ದೆವು. ಗೋಳಿಬಜೆ ತಿಂದು ಸಂಭ್ರಮಿಸಿದ ಲೆಕ್ಕ ಇದೇ. ಎರಡನೆಯದು ಇನ್ನೂ ಮುಜುಗರದ್ದು. ಉದ್ಯಾನದ ನಡುವೆ ಹೋಗುವ ಕಾರ್ಕಳ–ಕುದುರೆಮುಖ ರಸ್ತೆಯನ್ನು ನಾವು ಕಾನ್‌ಸ್ಟಂಟ್ ಅಂತ ಬರೆದಿದ್ದೆವು. ಅದನ್ನು ಮುಚ್ಚಲು, ರಾತ್ರಿ ನಿಲ್ಲಿಸಲು, ಏನು ಮಾಡಲೂ ಬಟನ್ನೇ ಇಲ್ಲ. ಯಾರು ಹಾಗೆ ಮಾಡಿದ್ದು ಅಂತ ಹುಡುಕಿದರೆ ಯಾರೂ ಅಲ್ಲ, ಮೂವರಿಗೂ ಅದು ಹೊಳೆದೇ ಇರಲಿಲ್ಲ. ಬೈಕಿನಲ್ಲಿ ಶೃಂಗೇರಿಗೆ, ಕಳಸಕ್ಕೆ ಹೋಗುವ ರಸ್ತೆ ಅದು. ನಾವು ಓಡಾಡುವುದು ಕಾನ್‌ಸ್ಟಂಟ್, ಅಜ್ಜಿಯ ಮನೆ ವೇರಿಯಬಲ್.

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಡಿಸೆಂಬರಿನಲ್ಲಿ ಹೋದೆವು. ಹಿರಿಯಡ್ಕ, ಬೈಲೂರು, ಕಾರ್ಕಳ, ಬಜಗೋಳಿ, ಅಲ್ಲಿಂದ ಮಾಳದ ಕಡೆ. ಬಸ್ಸಿಳಿದು ಜೀಪು, ಜೀಪು ನಿಂತಲ್ಲಿಂದ ನಡಿಗೆ, ಎರಡು ತೋಡು ದಾಟಬೇಕು. ಲ್ಯಾಪ್‌ಟಾಪ್ ಹೊತ್ತವಳು ಕಾಪು, ಯಾಕೆಂದರೆ ಉಡುಪಿ ಮೊದಲನೆಯ ತೋಡಿನಲ್ಲೇ ಕೂತಿದ್ದ, ಅಂದರೆ ಬಿದ್ದಿದ್ದ.

"ಬಲೆ, ಉಳಯಿ ಬಲೆ," ಅಂತ ಅಜ್ಜಿ ಒಳಗೆ ಕರೆದರು. ಬೆಲ್ಲ, ನೀರು ಬಂತು. ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ತೋಟದಾಚೆಯ ಒಂದು ಮನೆಗೆ ಮಾಡಿಲ್ಲ, ಗೋಡೆಯ ಮೇಲೆ ಬಳ್ಳಿ ಹತ್ತಿದೆ. ಅವರು ನಾಲ್ಕು ವರ್ಷದ ಹಿಂದೆ ಹೋದರಂತೆ. "ಖುಷಿಯಲ್ಲಿದ್ದಾರೆ. ಮಗಳು ಕಾಲೇಜಿಗೆ ಹೋಗ್ತಾಳೆ. ಕರೆಂಟು ಹೋಗುವುದಿಲ್ಲ," ಅಂದರು ಅಜ್ಜಿ, ಸ್ವಲ್ಪವೂ ಹೊಟ್ಟೆಕಿಚ್ಚಿಲ್ಲದೆ. "ನನಗೆ ಇಲ್ಲೇ ಆಗ್ತದೆ." ಅದಕ್ಕಿಂತ ಹೆಚ್ಚು ವಿವರ ಸಿಗಲಿಲ್ಲ. ನಾವು ಕೇಳಲೂ ಇಲ್ಲ.

ಮಾವ ಮಧ್ಯಾಹ್ನ ಬಂದರು. ಊಟ ಆದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಅವರ ಮುಂದೆ ಇಟ್ಟೆವು. ನಿಜವಾದ ರೇಂಜರ್ ಅಲ್ಲ ಅವರು. ನಮ್ಮಲ್ಲಿ ರೇಂಜರ್ ಅಂದರೆ ವಲಯ ಅರಣ್ಯಾಧಿಕಾರಿ, ಜೀಪು, ನಕ್ಷತ್ರ ಎಲ್ಲ ಇರುವವರು. ಆಟದ ರೇಂಜರ್ ಮಾಡುವ ನಡಿಗೆಯನ್ನೆಲ್ಲ ಇಲ್ಲಿ ಗಾರ್ಡುಗಳೂ ಮಾವನಂಥ ವಾಚರುಗಳೂ ನಡೆಯುತ್ತಾರೆ. ಮಾವ ಹತ್ತು ನಿಮಿಷ ಗಂಭೀರವಾಗಿ ಆಡಿದರು. ಮನೆಗಳನ್ನು ಮುಟ್ಟಲಿಲ್ಲ. ಆಮೇಲೆ ಕೇಳಿದರು, "ಇದರಲ್ಲಿ ಮಳೆ ಎಲ್ಲಿ?"

ಇರಲಿಲ್ಲ. ಮಳೆಗೆ ರಜೆ ಸಿಕ್ಕಿ ಶುರುವಾದ ಆಟದಲ್ಲಿ ಮಳೆಯೇ ಇರಲಿಲ್ಲ. ಉಂಬುಳ ಇರಲಿಲ್ಲ. ಬೇಸಿಗೆ ಬರುವ ಮೊದಲು ಬೆಂಕಿರೇಖೆ ಸವರುವ ಕೆಲಸ ಇರಲಿಲ್ಲ. ಅಲ್ಲಿ ಮೇಲೆಲ್ಲ ಹುಲ್ಲುಗುಡ್ಡ, ಕಣಿವೆಯಲ್ಲಿ ಮಾತ್ರ ಶೋಲಾ ಕಾಡು. ಒಣಗಿದ ಹುಲ್ಲಿಗೆ ಕಿಡಿ ಬಿದ್ದರೆ ಓಡಬೇಕಾದವರು ಇವರೇ, ಸೊಪ್ಪಿನ ಟೊಂಗೆ ಹಿಡಿದು ಬಡಿದು ಆರಿಸಬೇಕು. ಹುಲಿ ನೋಡಿದ್ದೀರಾ ಅಂತ ಕಾಪು ಕೇಳಿದಳು. ಒಂದು ಸಲ, ಅದೂ ಬೆನ್ನು, ಅಂದರು. ಹೆಜ್ಜೆ ಎಷ್ಟೋ ಸಲ. ಆಟದಲ್ಲಿ ಹುಲಿಯ ಮೇಲೆ ಕ್ಲಿಕ್ ಮಾಡಿದರೆ ಅದರ ಹಸಿವು, ವಯಸ್ಸು ಎಲ್ಲ ಕಾಣುತ್ತಿತ್ತು. ಮಾವನಿಗೆ ಆ ಕಿಟಕಿ ಬಹಳ ಇಷ್ಟವಾಯಿತು, ಮೂರು ಸಲ ತೆರೆದು ನೋಡಿದರು.

ಪ್ಯಾಕೇಜಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಕಾರ್ಕಳ ಕೇಳಬೇಕು ಅಂತಲೇ ಬಂದಿದ್ದ, ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಲ್ಯಾಪ್‌ಟಾಪನ್ನು ಅಜ್ಜಿಯ ಕಡೆ ತಿರುಗಿಸಿದ.

ಹೊಸ ನಕ್ಷೆ ಅದು. ಅಷ್ಟರೊಳಗೆ ನಾವು ಚೌಕವನ್ನು ಒಂದು ಹೆಕ್ಟೇರಿಗೆ ಇಳಿಸಿದ್ದೆವು. 600 ಹೋಗಿ 60,000 ಚೌಕ, ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ರಸ್ತೆಯನ್ನು ವೇರಿಯಬಲ್ ಮಾಡಿದ್ದೆವು. ಹಾಗೆ ಮಾಡಿದ ಮೊದಲ ರಾತ್ರಿಯೇ ಆಟೋ ಪ್ಲೇಯರ್ ಮನೆ ಬಿಟ್ಟು ರಸ್ತೆಗೆ ಕೈ ಹಾಕಿತ್ತು, ರಾತ್ರಿಯ ಓಡಾಟ ನಿಲ್ಲಿಸಿತ್ತು. ಮನೆಗಳ ಸರದಿ ಬಂದದ್ದು ಬಹಳ ತಡವಾಗಿ, ಆದರೆ ಬಂದದ್ದಂತೂ ಹೌದು. ಅದನ್ನು ತೆಗೆದುಹಾಕುವ ಅಂತ ಉಡುಪಿ ಹೇಳಿದ್ದ. ಬೇಡ, ಅದು ಸುಳ್ಳಾಗ್ತದೆ, ಅಂದಿದ್ದ ಕಾರ್ಕಳ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಹಸಿರು ಚೌಕ, ಹಸಿರು ಚೌಕ, ನಡುವೆ ಒಂದು ತೆಂಗಿನಮರ. ಕಾರ್ಕಳ ಬೆರಳಿಟ್ಟು ತೋರಿಸಿದ. ಇದು ಮನೆ, ಇದು ತೋಟ, ಇದು ಮಾವ ಹೋಗುವ ದಾರಿ, ಇದು ತೋಡು.

"ತೋಡು ಆಚೆ ಕಡೆ ಅಲ್ವಾ?" ಅಂದರು ಅಜ್ಜಿ.

ಉಪಗ್ರಹದ ಚಿತ್ರ ನೋಡಿ ಎಳೆದ ಗೆರೆ, ಮರಗಳ ಕೆಳಗೆ ನೀರು ಕಂಡಿರಲಿಲ್ಲ. ಮನೆಯ ಹಿಂದಿನಿಂದ ಬಂದು ತೋಟದ ಎಡಕ್ಕೆ ಇಳಿಯುವ ತೋಡನ್ನು ಬಲಕ್ಕೆ ಹರಿಸಿದ್ದೆವು. ಅಜ್ಜಿ ಎಲ್ಲೆಲ್ಲಿ ತಿರುಗುತ್ತದೆ ಅಂತ ಹೇಳುತ್ತಾ ಹೋದರು, ಕಲ್ಲಿನ ಹತ್ತಿರ ಒಮ್ಮೆ, ಹಲಸಿನ ಬುಡದಲ್ಲಿ ಒಮ್ಮೆ. ಕಾರ್ಕಳ ಒಂದೊಂದೇ ಚೌಕ ನೀಲಿ ಮಾಡಿದ. ಬ್ಯಾಟರಿ 11 ಪರ್ಸೆಂಟ್ ಇತ್ತು. ಸೇವ್ ಮಾಡಿ ಮುಚ್ಚಿದೆವು.