ದಿಬ್ಬದ ಮೇಲಿನ ಹೈಸ್ಕೂಲು

ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಯಾರಾದರೂ 'ಆ ವರ್ಷ' ಅಂದರೆ ಯಾವ ವರ್ಷ ಎಂದು ಮತ್ತೊಬ್ಬರು ಕೇಳುವುದಿಲ್ಲ. ಅದು 2009. ಮುಂಗಾರು ಕೈಕೊಟ್ಟಿತ್ತು. ಮುಗಿಲು ನೋಡಿ ನೋಡಿ ಸಾಕಾಗಿ ಗುರ್ಜಿ ಆಡಿಸಿದ್ದರು, ಕತ್ತೆಗಳ ಮದುವೆ ಮಾಡಿದ್ದರು. ಹಾಗೆ ಬೇಡಿಕೊಂಡ ಮಳೆ ಬನ್ನಿ ಹಬ್ಬ ಮುಗಿಯುತ್ತಲೇ ಬಂತು, ಬಂದದ್ದು ನಿಲ್ಲಲಿಲ್ಲ.

ನಾನಾಗ ರೋಣ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟು ದಾಟಿ ಬರುವ ಹೊಳೆಗೆ ನಮ್ಮ ಸೀಮೆಯಲ್ಲಿ ಬೆಣ್ಣಿಹಳ್ಳ ಬಂದು ಕೂಡುತ್ತದೆ. ಬೇಸಿಗೆಯಲ್ಲಿ ಬೆಣ್ಣಿಹಳ್ಳವನ್ನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಆ ಸಲ ಹಳ್ಳವೂ ಹೊಳೆಯೂ ಒಂದಾಗಿ ಎರೆಹೊಲಗಳ ಮೇಲೆ ಹರಡಿಕೊಂಡವು. ಕೀಳಬೇಕಿದ್ದ ಉಳ್ಳಾಗಡ್ಡಿ ಮಣ್ಣಲ್ಲೇ ಕೊಳೆಯಿತು. ಹಗೇವಿಗೆ ನೀರಿಳಿದು ಜೋಳ ಹುಳಿವಾಸನೆ ಹೊಡೆಯಿತು. ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತು: ಮಣ್ಣಿನ ಗೋಡೆ, ಜಂತಿ, ಮೇಲೆ ಮೇಲ್ಮುದ್ದಿ. ಕಡುಬೇಸಿಗೆಯಲ್ಲೂ ಒಳಗೆ ತಂಪು. ಬಿಡದೆ ಮಳೆ ಹಿಡಿದರೆ ಮಾತ್ರ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗಿನ ಗೋಡೆ ಮೆತ್ತಗಾಗುತ್ತದೆ. ಹೊಳೆ ಮುಟ್ಟದ ಮನೆಗಳೂ ಹಾಗೆಯೇ ಕುಳಿತುಬಿಟ್ಟವು. ರಾತ್ರಿಯೆಲ್ಲ ಆ ಸದ್ದು, ಒಂದಾದ ಮೇಲೆ ಒಂದು. ಜನ ಕೈಗೆ ಸಿಕ್ಕದ್ದು ಹಿಡಿದು, ದನದ ಕಣ್ಣಿ ಬಿಚ್ಚಿ, ಮುದುಕರನ್ನು ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿದರು. ದಿಬ್ಬದ ಮೇಲೆ ಇದ್ದದ್ದು ನಮ್ಮ ಹೈಸ್ಕೂಲು. ಊರಿಗೆ ಅದೊಂದೇ ಆರ್‌ಸಿಸಿ ಕಟ್ಟಡ.

ಆ ಶಾಲೆಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಪ್ರವೇಶ ಪರೀಕ್ಷೆ ಇರಲಿಲ್ಲ, ಡೊನೇಷನ್ ಇರಲಿಲ್ಲ. ಏಳನೆಯದು ಮುಗಿಸಿದ ಟಿ.ಸಿ. ಹಿಡಿದು ಬಂದವರೆಲ್ಲ ನಮ್ಮವರು. ಎತ್ತಿನ ಬಂಡಿ ಇದ್ದವರ ಮಗನೂ, ಆ ಬಂಡಿ ಹೊಡೆಯುವವನ ಮಗನೂ ಹಾಜರಿ ಪುಸ್ತಕದ ಕ್ರಮದಲ್ಲಿ ಒಂದೇ ಬೆಂಚಿಗೆ ಬೀಳುತ್ತಿದ್ದರು. ಹಾಗೆ ಕೂರಿಸಬೇಕೆಂಬ ಹಟ ನಮ್ಮ ಹೆಡ್ ಮಿಸ್ಟ್ರೆಸ್ಸರದು. ಊರೆಲ್ಲ ಅವರನ್ನು ದೊಡ್ಡ ಅಕ್ಕಾರು ಅನ್ನುತ್ತಿತ್ತು. ಅಕ್ಷರ ದಾಸೋಹ ಹೈಸ್ಕೂಲುಗಳಿಗೆ ಬಂದದ್ದು 2007ರಲ್ಲಿ. ನಮ್ಮಲ್ಲಿ ಅಡಿಗೆಗೆ ನೇಮಕವಾದವರಲ್ಲಿ ಒಬ್ಬಾಕೆ ಕೇರಿಯ ವಿಧವೆ. ಕೆಲವು ತಂದೆಯರು ಬಂದು ಅಂಗಳದಲ್ಲಿ ನಿಂತರು. ದೊಡ್ಡ ಅಕ್ಕಾರು ಅವರಿಗೆ ಭಾಷಣ ಮಾಡಲಿಲ್ಲ. ತಾವೊಂದು ತಾಟು ತಂದು ಮಕ್ಕಳ ನಡುವೆ ನೆಲಕ್ಕೆ ಕುಳಿತು ಉಂಡರು. ಮರುದಿನವೂ ಉಂಡರು. ಅಲ್ಲಿಂದ ಮುಂದೆ ನಿತ್ಯ ಹಾಗೆಯೇ. ಒಂದೇ ಪಂಗತಿ, ಯಾರು ಮೊದಲು ಕೈ ತೊಳೆದು ಬಂದರೋ ಅವರು ಮೊದಲು. ಎರಡು ವರ್ಷ ಕಳೆಯುವುದರಲ್ಲಿ ಮಕ್ಕಳಿಗೆ ಇನ್ನೊಂದು ರೀತಿಯೂ ಇದೆ ಎಂಬುದೇ ಮರೆತಂತಾಗಿತ್ತು.

ದಸರೆಯ ರಜೆ. ನಾವು ಕೆಲವು ಶಿಕ್ಷಕರು ಮಾತ್ರ ಊರಲ್ಲಿದ್ದೆವು. ಕೋಣೆಗಳು ತುಂಬಿದವು, ವರಾಂಡ ತುಂಬಿತು, ಸೈಕಲ್ ಸ್ಟ್ಯಾಂಡಿನಲ್ಲಿ ದನ ಕಟ್ಟಿದರು. ದಾಸೋಹದ ಕೋಣೆಯಲ್ಲಿ ಅಕ್ಕಿ ಇತ್ತು, ತೊಗರಿಬೇಳೆ ಇತ್ತು, ಎಣ್ಣೆ ಇತ್ತು. ಆದರೆ ಅದು ಮಕ್ಕಳ ಹೆಸರಿನ ಅಕ್ಕಿ, ತಲೆಗೆ 150 ಗ್ರಾಮಿನ ಲೆಕ್ಕದ್ದು. ಮೇಲಿನವರ ಅಪ್ಪಣೆ ಕೇಳೋಣವೆಂದರೆ ಫೋನು ಸತ್ತಿದ್ದವು, ರಸ್ತೆ ಕಡಿದಿತ್ತು. ದೊಡ್ಡ ಅಕ್ಕಾರು ಬೀಗ ತೆಗೆಸಿದರು. ಸ್ಟಾಕ್ ರಿಜಿಸ್ಟರ್ ತರಿಸಿ, ಎಷ್ಟು ಚೀಲ ಹೊರಬಂತು, ಯಾತಕ್ಕೆ ಬಂತು ಎಂದು ಬರೆದು, ಕೆಳಗೆ ಸಹಿ ಹಾಕಿ, "ನಾಳೆ ಯಾರರ ಕೇಳಿದ್ರ ನನ್ನ ಕೇಳ್ಲಿ" ಅಂದರು. ಸರ್ಕಾರದ ಗಂಜಿ ಕೇಂದ್ರ ಅಧಿಕೃತವಾಗಿ ತೆರೆದದ್ದು ಆಮೇಲೆ. ಊರು ಅಷ್ಟರೊಳಗೆ ಉಂಡಾಗಿತ್ತು.

ಮೊದಲ ರಾತ್ರಿಯ ಅನ್ನ ಬೇಯುತ್ತಿದ್ದಾಗಲೇ ಮೇಲಿನ ಓಣಿಯ ನಾಲ್ಕೈದು ಹಿರಿಯರು ಬಂದರು. ಕೆಟ್ಟವರಲ್ಲ, ನೀರಿಗೆ ಇಳಿದು ಬೇರೆಯವರ ಮಕ್ಕಳನ್ನು ಎತ್ತಿ ತಂದವರು ಅವರಲ್ಲೂ ಇದ್ದರು. ಆದರೂ ಕೇಳಿದರು: "ಅಕ್ಕಾರ, ನಮಗೊಂದು ಬ್ಯಾರೆ ಖೋಲಿ ಕೊಡ್ರಿ. ಒಲಿ ಹೂಡಿಕೊಂಡು ನಾವ ಮಾಡ್ಕೋತೀವಿ."

ಉತ್ತರ ಬಂದದ್ದು ಅಕ್ಕಾರಿಂದಲ್ಲ. ಹತ್ತನೆಯ ತರಗತಿಯ ಒಬ್ಬ ಹುಡುಗಿ ತಾಟು ಎಣಿಸುತ್ತ ಅಲ್ಲೇ ಕುಳಿತಿದ್ದಳು. ಅವಳ ಮನೆಯೂ ಆ ದಿನ ಬಿದ್ದಿತ್ತು. ಎದ್ದು ಬಂದು, ಹಬ್ಬಕ್ಕೆ ಬಂದ ಬೀಗರನ್ನು ಕರೆಯುವ ದನಿಯಲ್ಲಿ ಹೇಳಿದಳು: "ಕಾಕಾ, ಇಲ್ಲೆ ಬ್ಯಾರೆ ಪಂಗತಿ ಇಲ್ಲರಿ. ಮದ್ಲ ಬಂದಾವ್ರು ಮದ್ಲ ಕೂಡ್ತಾರ. ಅಲ್ಲೆ ಕಿಟಕಿ ಬಾಜೂಕ ಜಾಗಾ ಐತಿ, ಬರ್ರಿ." ಅವಳಿಗೆ ಅದು ವಾದವಾಗಿರಲಿಲ್ಲ. ಶಾಲೆಯ ಗಂಟೆ ಎಷ್ಟಕ್ಕೆ ಹೊಡೆಯುತ್ತದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರವೇ ಮಕ್ಕಳು ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಇಬ್ಬರು ಕುಳಿತರು, ಆಮೇಲೆ ಇನ್ನೊಬ್ಬರು. ಒಬ್ಬ ಅಜ್ಜ ಮಾತ್ರ ಕೂಡಲಿಲ್ಲ. ಗಂಜಿ ಕೇಂದ್ರ ನಡೆದಷ್ಟು ದಿನವೂ ಆತ ಆ ಅನ್ನ ಮುಟ್ಟಲಿಲ್ಲ. ಮಕ್ಕಳು ಆತನನ್ನು ಅಣಕಿಸಲಿಲ್ಲ, ಉಪವಾಸವೂ ಬಿಡಲಿಲ್ಲ. ಸೈಕಲ್ ಸ್ಟ್ಯಾಂಡಿನ ಎಮ್ಮೆಯ ಹಾಲು, ಹೊರಗಿನಿಂದ ಬಂದ ಬಾಳೆಹಣ್ಣು ಆತನಿಗೆ ದಿನಾಲೂ ತಲುಪುತ್ತಿತ್ತು.

ಅಕ್ಟೋಬರ್ 2ರಂದು ಗಾಂಧಿ ಜಯಂತಿ. ಅಂದು ಕಾರ್ಯಕ್ರಮ ನಡೆಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆಫೀಸಿನ ಫೋಟೊ ತಂದು ವರಾಂಡದ ಮೇಜಿನ ಮೇಲಿಟ್ಟು, ಅಡಿಗೆಯ ಅಕ್ಕಂದಿರಿಂದ ಹೂ ಏರಿಸಿ, ಎಲ್ಲರೂ ಮತ್ತೆ ಕೆಲಸಕ್ಕೆ ಹೋದೆವು. ನಾನು ಕಂಡ ಗಾಂಧಿ ಜಯಂತಿಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ನೀರು ಇಳಿಯಿತು. ರಜೆ ಮುಗಿದು ಶಾಲೆ ತೆರೆದಾಗಲೂ ಕೋಣೆಗಳಲ್ಲಿ ಸಂಸಾರಗಳಿದ್ದವು. ಬೇವಿನ ಮರದ ಕೆಳಗೆ ಪಾಠಗಳು ನಡೆದವು. ನೆನೆದ ಪುಸ್ತಕಗಳನ್ನು ಹಗ್ಗದ ಮೇಲೆ ಒಣಹಾಕಿದ್ದೆವು. ಒಣಗಿದ ಮೇಲೆ ಹಾಳೆಗಳು ಹಪ್ಪಳದ ಹಾಗೆ ಮುರಿಯುತ್ತಿದ್ದವು. ಹಿಂದಿನ ವರ್ಷ ಪಾಸಾಗಿ ಹೋದವರು ತಮ್ಮ ಹಳೆಯ ನೋಟ್ಸು ತಂದುಕೊಟ್ಟರು. ಕೈಬರಹ ಚೆಂದ ಇದ್ದವರು ಇಲ್ಲದವರಿಗೆ ಬರೆದುಕೊಟ್ಟರು.

ಆಗ ಹತ್ತನೆಯ ತರಗತಿಯ ಒಬ್ಬ ಹುಡುಗ ಬರುವುದು ನಿಂತಿತು. ಕೇರಿಯ ಹುಡುಗ. ಗಣಿತದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಅಷ್ಟಕ್ಕಷ್ಟೆ. ಮನೆ ಬಿದ್ದ ಮೇಲೆ ಅವ್ವ ಅಪ್ಪ ಗುತ್ತಿಗೆದಾರನೊಬ್ಬನ ಹತ್ತಿರ ಮುಂಗಡ ತೆಗೆದುಕೊಂಡು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮುಂಗಡ ಮೂರು ಆಳಿನ ಲೆಕ್ಕದ್ದು, ಮೂರನೆಯ ಆಳು ಇವನು. ಹಾಜರಿ ಕರೆಯುವಾಗ ಅವನ ಹೆಸರು ಬಂದರೆ ಇಡೀ ಕ್ಲಾಸು ಸುಮ್ಮನಾಗುತ್ತಿತ್ತು.

ಡಿಸೆಂಬರಿನ ಪ್ರವಾಸಕ್ಕೆಂದು ಮಕ್ಕಳು ಜೂನಿನಿಂದ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಸಿದ್ದರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಅವರಲ್ಲಿ ಎಷ್ಟೋ ಮಂದಿ ಗದಗ ದಾಟಿದವರಲ್ಲ. ಒಂದು ಮುಂಜಾನೆ ಕ್ಲಾಸಿನ ಪ್ರತಿನಿಧಿ, ಆ ತಾಟು ಎಣಿಸುವ ಹುಡುಗಿಯೇ, ಸ್ಟಾಫ್ ರೂಮಿಗೆ ಬಂದು ನಿಂತಳು. "ಸರ, ನಾವು ಟ್ರಿಪ್ಪಿಗೆ ಹೋಗೂದಿಲ್ಲರಿ. ಆ ರೊಕ್ಕದಾಗ ಅವನ್ನ ಕರ್ಕೊಂಡು ಬರ್ರಿ." ಎಲ್ಲರೂ ಒಪ್ಪಿದ್ದಾರಾ ಎಂದು ಕೇಳಿದೆ. ಒಪ್ಪಿದವರು ಒಪ್ಪದವರನ್ನು ಒಪ್ಪಿಸಿದ್ದಾರೆ ಎಂದಳು. ಸಾಲದೆ ಬಿದ್ದದ್ದಕ್ಕೆ ನಾವು ಶಿಕ್ಷಕರು ಕೂಡಿಸಿದೆವು. ಪಿ.ಟಿ. ಮಾಸ್ತರರು ಹುಡುಗನ ಓಣಿಯ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಗೋವಾದ ಬಸ್ಸು ಹತ್ತಿದರು. ಗುತ್ತಿಗೆದಾರನಿಗೆ ಹುಡುಗನ ಪಾಲಿನ ಮುಂಗಡ ಎಣಿಸಿಕೊಟ್ಟು ಅವನನ್ನು ಕರೆತಂದರು. ಅವ್ವ ಅಪ್ಪ ಅಲ್ಲೇ ಉಳಿದರು.

ಕರೆತಂದದ್ದೇನೋ ಆಯಿತು, ಊಟ? ಮಧ್ಯಾಹ್ನಕ್ಕೆ ದಾಸೋಹವಿದೆ. ರಾತ್ರಿ ಓದಿಗೆ ಶಾಲೆಯಲ್ಲೇ ಮಲಗುತ್ತಿದ್ದ ಹುಡುಗರ ಜೊತೆ ಅವನೂ ಮಲಗಿದ. ರಾತ್ರಿಯ ಊಟಕ್ಕೆ ಮಕ್ಕಳೇ ಒಂದು ಪಟ್ಟಿ ಮಾಡಿದರು, ವಾರಕ್ಕೆ ಏಳು ಮನೆ. ಮನೆ ಎಂದರೆ ಆಗ ತಗಡಿನ ಶೆಡ್ಡು. ಹಿಂದಿನ ಕಾಲದಲ್ಲಿ ವಾರಾನ್ನ ಉಂಡು ಓದಿದವರ ಕತೆ ನಾವೆಲ್ಲ ಕೇಳಿದ್ದೇವೆ. ಆ ಅನ್ನ ಕೇರಿಯ ಹುಡುಗನ ತನಕ ಎಂದೂ ಬಂದಿರಲಿಲ್ಲ. ಈ ಪಟ್ಟಿಯಲ್ಲಿ ಎಲ್ಲ ಓಣಿಗಳೂ ಇದ್ದವು. ಗುರುವಾರಕ್ಕೆ ಊರ ದೊಡ್ಡ ಹೊಲದವರ ಶೆಡ್ಡು ಬಿತ್ತು.

ಮೊದಲ ಗುರುವಾರ ತಾಟು ಹೊರಗೆ ಬಂತು. ಹುಡುಗ ಹೊರಗೇ ಕುಳಿತು ಉಂಡು, ತಾಟು ತೊಳೆದು ಡಬ್ಬು ಹಾಕಿ, ಶಾಲೆಗೆ ಬಂದು ಪುಸ್ತಕ ಬಿಡಿಸಿದ. ಯಾರಿಗೂ ಹೇಳಲಿಲ್ಲ. ಅದನ್ನು ಕಂಡವನು ಆ ಮನೆಯ ಯಜಮಾನರ ತಂಗಿಯ ಮಗ, ಇವನ ಬೆಂಚಿನವನೇ. ವಿಷಯ ನನ್ನ ಕಿವಿಗೆ ಬಿದ್ದಾಗ ಏನು ಮಾಡಬೇಕೆಂದು ತಿಳಿಯದೆ ದೊಡ್ಡ ಅಕ್ಕಾರ ಹತ್ತಿರ ಹೋದೆ. ಅವರು, "ಎರಡು ದಿನ ತಡೀರಿ, ಹುಡುಗರು ಏನೋ ಗುಸುಗುಸು ಮಾಡಾಕತ್ತಾರ" ಅಂದರು.

ಮುಂದಿನ ಗುರುವಾರ ಅವನೊಬ್ಬನೇ ಹೋಗಲಿಲ್ಲ. ಬೆಂಚಿನ ನಾಲ್ವರೂ ಹೋದರು. ನಾಲ್ವರೂ ಶೆಡ್ಡಿನ ಹೊರಗೆ ಸಾಲಾಗಿ ಕುಳಿತರು. ಯಜಮಾನತಿ ಅಳಿಯನನ್ನು ಒಳಗೆ ಕರೆದರು. ಆತ, "ನಮಗಿಲ್ಲೇ ಚಲೋ ಐತಿ ಅತ್ತಿ" ಅಂದ, ಅಷ್ಟೇ. ನಾಲ್ಕೂ ತಾಟು ಹೊರಗೆ ಬಂದವು. ಅದರ ಮುಂದಿನ ವಾರ ಇನ್ನೂ ಇಬ್ಬರು ಕೂಡಿಕೊಂಡರು. ತಮ್ಮ ತಮ್ಮ ಶೆಡ್ಡಿನಿಂದ ರೊಟ್ಟಿ ಕಟ್ಟಿಕೊಂಡು ಬಂದಿದ್ದರು, ಆ ತಾಯಿಗೆ ಹೊರೆಯಾಗಬಾರದೆಂದು. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಎದುರು ನಿಂತರು, ಆದರೆ ಆಕೆಯನ್ನು ಅವಮಾನಿಸಲಿಲ್ಲ. ಆ ಸಂಜೆ ಚಳಿಗಾಳಿ ಬೀಸುತ್ತಿತ್ತು. ಆಕೆ ಹೊರಗೆ ಬಂದು ಸ್ವಲ್ಪ ಹೊತ್ತು ನಿಂತು, "ಎಲ್ಲಾರೂ ಒಳಗ ಬರ್ರೋ, ಅನ್ನ ಆರತೈತಿ" ಅಂದರಂತೆ. ತಗಡಿನ ಶೆಡ್ಡಿಗೆ ದಾಟುವುದಕ್ಕೆ ಹೊಸ್ತಿಲು ಇರಲಿಲ್ಲ. ಎಲ್ಲರೂ ಒಳಗೆ ಹೋದರು. ಬೇಸಿಗೆಯ ತನಕ ಗುರುವಾರದ ಊಟ ಅಲ್ಲೇ ನಡೆಯಿತು. ಪರೀಕ್ಷೆಯ ದಿನಗಳಲ್ಲಿ ಆಕೆ ಅವನಿಗೆ ಬೇರೆ ವಾರದಲ್ಲೂ ಹಾಲು ಕಳಿಸಿದ್ದುಂಟು.

ಎಸ್‌ಎಸ್‌ಎಲ್‌ಸಿಯಲ್ಲಿ ಅವನು ಪಾಸಾದ. ಐ.ಟಿ.ಐ. ಮಾಡಿ ಈಗ ಲೈನ್‌ಮನ್ ಆಗಿದ್ದಾನೆ. ಆ ಬ್ಯಾಚಿನಲ್ಲಿ ಫೇಲಾದವರೂ ಇದ್ದರು. ಅವರನ್ನು ಜೂನಿನ ಪೂರಕ ಪರೀಕ್ಷೆಗೆ ಕೂರಿಸಿ ಓದಿಸಿದ್ದು ಪಾಸಾದವರೇ.

ಇದಾದ ಮೇಲೆ ಹೊಸ ಊರಿನ ಮಾತು ಬಂತು. ನೆರೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಸರ್ಕಾರ 'ಆಸರೆ' ಎಂಬ ಯೋಜನೆ ಮಾಡಿ, ದಾನಿಗಳ ನೆರವಿನಿಂದ ಎತ್ತರದ ಜಾಗದಲ್ಲಿ ಮನೆ ಕಟ್ಟಿಸುತ್ತಿತ್ತು. ನಮ್ಮ ಊರಿಗೂ ಮನೆಗಳು ಬಂದವು. ಹಂಚಿಕೆಯ ಸಭೆ ಸೇರಿದ್ದು ಹೈಸ್ಕೂಲಿನ ಅಂಗಳದಲ್ಲಿ. ಹಳೆಯ ಊರಿನ ಹಾಗೇ ಓಣಿ ಓಣಿಯಾಗಿ ಹಂಚಿರಿ ಎಂದು ಹಿರಿಯರು ಪಟ್ಟುಹಿಡಿದರು. ಚೀಟಿ ಎತ್ತಿರಿ ಎಂದು ಹಿಂದಿನ ಸಾಲಿನಿಂದ ಎದ್ದು ನಿಂತವರು ಆ ಬ್ಯಾಚಿನ ಹುಡುಗ ಹುಡುಗಿಯರು. ಕಾಲೇಜಿಗೆ ಹೋಗುತ್ತಿದ್ದವರು ಅರ್ಜಿ ಬರೆದು ತಂದಿದ್ದರು. ಮೊದಲ ರಾತ್ರಿ ಉಣ್ಣದೆ ಹೋದ ಆ ಅಜ್ಜ, "ಇವಕ್ಕ ಸಾಲೀ ಕಲಿಸಿದ್ದ ತಪ್ಪಾತು" ಎಂದು ಗಟ್ಟಿಯಾಗಿ ಅಂದ. ಯಾರೂ ನಗಲಿಲ್ಲ. ಸಭೆ ಸಂಜೆಯ ತನಕ ಎಳೆಯಿತು.

ಕೊನೆಗೆ ಆದದ್ದು ಅರ್ಧಕ್ಕರ್ಧ. ಕೆಲವು ಓಣಿಯವರು ಒಟ್ಟಾಗಿಯೇ ಹೋದರು, ಮಿಕ್ಕ ಮನೆಗಳಿಗೆ ಚೀಟಿ ಎತ್ತಿದರು. ಗೋವಾದಿಂದ ತಿರುಗಿ ಬಂದ ಆ ಹುಡುಗನ ಅವ್ವನ ಹೆಸರಿಗೆ ಬಂದ ಮನೆ, ಗುರುವಾರ ಉಣಿಸಿದ ತಾಯಿಯ ಮನೆಯಿಂದ ಎರಡನೆಯದು. ಎರಡಕ್ಕೂ ನಡುವೆ ಒಂದು ನಳ. ಮೊದಲು ಯಾರ ಕೊಡ ಬಂತೋ ಅವರಿಗೆ ಮೊದಲು ನೀರು ಎಂದು ಆ ಎರಡು ಮನೆಯ ಹೆಂಗಸರು ತಾವೇ ಮಾತಾಡಿಕೊಂಡರು.