ಅಯ್ಯನಕೆರೆಯ ಏರಿಯ ಹಿಂದೆ

ಚಿಕ್ಕಮಗಳೂರಿನಿಂದ ಕಡೂರಿನ ದಾರಿ ಹಿಡಿದು ಸಖರಾಯಪಟ್ಟಣದಲ್ಲಿ ತಿರುಗಿಕೊಂಡರೆ, ಸ್ವಲ್ಪ ಹೊತ್ತಿನಲ್ಲೇ ತೋಟಗಳಾಚೆ ಹಸಿರು ದಿಬ್ಬವೊಂದು ಅಡ್ಡ ಬರುತ್ತದೆ. ಬೆಟ್ಟದ ತಪ್ಪಲೇ ಇಲ್ಲಿಗೆ ಇಳಿದು ಬಂದಿರಬೇಕು ಅಂದುಕೊಂಡು ಹತ್ತಿದೆ. ಮೇಲೆ ನಿಂತಾಗ ಮಾತೇ ಹೊರಡಲಿಲ್ಲ. ಕಾಲ ಬುಡದಿಂದಲೇ ಶುರುವಾದ ನೀರು ಶಕುನಗಿರಿಯ ಬುಡದವರೆಗೂ ಹರಡಿಕೊಂಡಿದೆ. ಅದರ ಹಿಂದೆ ಬಾಬಾಬುಡನ್ ಗಿರಿಸಾಲು, ಅರ್ಧ ಮೋಡದೊಳಗೆ. ತಿರುಗಿ ನೋಡಿದರೆ ನನ್ನ ಬೆನ್ನಿಗೆ, ನೀರಿನ ಮಟ್ಟಕ್ಕಿಂತ ಎಷ್ಟೋ ಆಳದಲ್ಲಿ, ತೆಂಗಿನ ತಲೆಗಳು, ಅಡಿಕೆ, ಗದ್ದೆ. ಇವೆರಡರ ನಡುವೆ ಇರುವುದು ಬರೀ ಮಣ್ಣಿನ ಏರಿ! ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಈ ಅಯ್ಯನಕೆರೆಯನ್ನು ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಟ್ಟಿಸಿದನೆಂದೂ 1156ರಲ್ಲಿ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ಎಂಟು ಶತಮಾನಗಳ ಮುಂಗಾರುಗಳನ್ನು ಈ ಮಣ್ಣು ತಡೆದು ನಿಂತಿದೆ.

ಎಲ್ಲರೂ ನೀರಿನ ಕಡೆ ಮುಖ ಮಾಡಿ ಫೋಟೋ ತೆಗೆಯುತ್ತಿದ್ದರು. ನಾನು ಏರಿಯ ಹಿಂಬದಿಗೆ ಇಳಿಯತೊಡಗಿದ್ದು ನೋಡಿ, ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೂಗಿದರು:

"ಏನ್ ಸಾರ್, ನೀರು ಆ ಕಡೆ ಐತೆ. ನೀವ್ ಈ ಕಡೆ ಇಳೀತಿದ್ದೀರಲ್ಲ?"

"ಏರಿ ನೋಡೋಣ ಅಂತ ಬಂದೆ ಯಜಮಾನ್ರೇ."

ಅವರಿಗೆ ಖುಷಿಯಾಯಿತು ಅಂತ ಕಾಣುತ್ತದೆ. ದನಗಳನ್ನು ಅವುಗಳ ಪಾಡಿಗೆ ಬಿಟ್ಟು ನನ್ನ ಜೊತೆ ಬುಡದವರೆಗೂ ಇಳಿದರು. ಅಲ್ಲೊಂದು ಕಡೆ ಹುಲ್ಲಿನ ನಡುವೆ ನೀರು ಜಿನುಗುತ್ತಿತ್ತು. ನನಗೆ ಎದೆ ಧಸಕ್ಕೆಂದಿತು. ಅವರು ಬಗ್ಗಿ, ಬೊಗಸೆಯಲ್ಲಿ ಅಷ್ಟು ನೀರು ತೆಗೆದು ಬಿಸಿಲಿಗೆ ಹಿಡಿದರು. "ತಿಳಿಯಾಗಿ ಐತೆ ನೋಡಿ. ಏನೂ ಭಯ ಇಲ್ಲ. ಕೆಂಪಗೆ ಬಂತೋ, ಊರಿಗೆ ಓಡಬೇಕು."

ಎಂಜಿನಿಯರಿಂಗ್ ಪಾಠವೂ ಇದನ್ನೇ ಹೇಳುತ್ತದೆ. ಮಣ್ಣಿನ ಏರಿಯೊಳಗೆ ನೀರು ಸದಾ ನಿಧಾನವಾಗಿ ಬಸಿಯುತ್ತಲೇ ಇರುತ್ತದೆ, ಅದು ಸಹಜ. ಹಾಗೆ ಬಸಿಯುವ ನೀರು ಮಣ್ಣಿನ ಕಣಗಳನ್ನು ಹೊತ್ತು ತರತೊಡಗಿದರೆ ಒಳಗೊಂದು ಕೊಳವೆ ಕೊರೆಯುತ್ತಿದೆ ಎಂದರ್ಥ. ಇಲಿ ಬಿಲ, ಸತ್ತ ಮರದ ಕೊಳೆತ ಬೇರು, ತೂಬಿನ ಗೋಡೆಯ ಪಕ್ಕದ ಸಂದು, ಎಲ್ಲಿಂದಲಾದರೂ ಅದು ಶುರುವಾದೀತು. ಏರಿಯ ಮೇಲೆ ಮರ ಬೆಳೆಸಬೇಡಿ ಎಂದು ಹಟ ಹಿಡಿಯುವುದು ಇದಕ್ಕೇ. ಹುಲ್ಲು ಮಾತ್ರ ಬೇಕೇ ಬೇಕು, ಮಳೆಗೆ ಮಣ್ಣು ಕೊಚ್ಚಿಹೋಗದಂತೆ. ನೀರಿನ ಕಡೆಯ ಇಳಿಜಾರಿಗೆ ಹಾಸುವ ಕಲ್ಲು ಅಲೆಗಳ ಹೊಡೆತ ತಿನ್ನಲಿಕ್ಕೆ.

ಆದರೆ ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ಕೋಡಿ ಎಂಬ ಉಪಾಯ. ಮಣ್ಣಿನ ಏರಿ ಬೆಟ್ಟದಷ್ಟು ನೀರಿಗೆ ಎದೆಕೊಟ್ಟು ನಿಂತೀತು, ನೆತ್ತಿಯ ಮೇಲೆ ಗೇಣುದ್ದ ನೀರು ಹರಿದರೆ ಮಾತ್ರ ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗಬಹುದು. ಅದಕ್ಕೇ ಏರಿಗಿಂತ ತಗ್ಗಿನಲ್ಲಿ, ಗಟ್ಟಿ ನೆಲ ನೋಡಿ, ಹೆಚ್ಚಾದ ನೀರಿಗೊಂದು ದಾರಿ. ಬಾಗಿಲಿಲ್ಲ, ಬೀಗವಿಲ್ಲ, ತೆರೆಯಲು ಯಾರ ಅಪ್ಪಣೆಯೂ ಬೇಡ. ಮಧ್ಯರಾತ್ರಿ ಮಳೆ ಹುಚ್ಚೆದ್ದರೂ ಕೆರೆ ತಾನೇ ಹರಿದು ಹಗುರಾಗುತ್ತದೆ.

ತುಂಬಿದ ಕೆರೆಯಿಂದ ಪ್ರವಾಹ ತಡೆಯಲು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಕೋಡಿ ಮಟ್ಟಕ್ಕೆ ಬಂದ ಮೇಲೂ ಒಂದು ಚದರ ಕಿಲೋಮೀಟರ್ ಹರವಿನ ಕೆರೆ ಒಂದಡಿ ಏರಿದರೆ ಸುಮಾರು 30 ಕೋಟಿ ಲೀಟರ್ ನೀರು ಅಲ್ಲೇ ತಡೆದು ನಿಲ್ಲುತ್ತದೆ. ಗುಡ್ಡದಿಂದ ಒಮ್ಮೆಗೇ ನುಗ್ಗಿದ ಹಳ್ಳ ಕೆರೆಯಲ್ಲಿ ಕೈಕಾಲು ಚಾಚಿಕೊಂಡು, ಕೋಡಿಯಲ್ಲಿ ಸಾವಧಾನವಾಗಿ ಇಳಿಯುತ್ತದೆ. ಇಲ್ಲಿಂದ ಇಳಿದ ನೀರು ವೇದಾವತಿ ಸೇರಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ!

ಈ ಏರಿಗೊಂದು ಕಥೆಯಿದೆ, ಕ್ರೂರವಾದದ್ದು. ಒಂದು ಮಳೆಗಾಲದ ರಾತ್ರಿ ಕೆರೆಯ ದೇವತೆ ಗಂಗಮ್ಮ, ಕೆರೆ ಕಾಯುವ ನೀರಗಂಟಿಗೆ ಕಾಣಿಸಿಕೊಂಡು, ತಾನು ಏರಿ ಒಡೆದು ಹೊರಡುವುದಾಗಿ ಹೇಳಿದಳಂತೆ. "ತಾಯಿ, ರಾಜನಿಗೆ ತಿಳಿಸಿ ಬರುತ್ತೇನೆ, ನಾನು ಬರುವ ತನಕ ನಿಲ್ಲು" ಎಂದು ಮಾತು ಪಡೆದು ಅವನು ಸಖರಾಯಪಟ್ಟಣಕ್ಕೆ ಓಡಿದ. ಇವನು ಹಿಂತಿರುಗದಿದ್ದರೆ ಅವಳು ಎಂದೆಂದಿಗೂ ಹೊರಡಲಾರಳು ಎಂದು ಯೋಚಿಸಿದ ರಾಜ ಅವನನ್ನು ಕೊಲ್ಲಿಸಿಬಿಟ್ಟ. ಗಂಗಮ್ಮ ಇನ್ನೂ ಕಾಯುತ್ತಿದ್ದಾಳೆ. ರಾಜನ ಜಾಣತನ ನನಗೆ ಹಿಡಿಸಲಿಲ್ಲ. ಅಪಾಯವನ್ನು ಮೊದಲು ಕಂಡವನು ನೀರಗಂಟಿ, ಓಡಿದವನು ಅವನೇ, ಕೊನೆಗೆ ತಲೆ ಕೊಟ್ಟವನೂ ಅವನೇ.

ಈಗ ಎಷ್ಟೋ ಊರುಗಳಲ್ಲಿ ನೀರಗಂಟಿಯ ಕೆಲಸ ಹೆಸರಿಗಷ್ಟೇ ಉಳಿದಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳನ್ನೂ 10ರಿಂದ 15 ಮೀಟರಿನ ಕೆಲವನ್ನೂ ನೋಡಿಕೊಳ್ಳುತ್ತದೆ. ನಮ್ಮ ರಾಜ್ಯದ ಸಾವಿರಾರು ಊರ ಕೆರೆಗಳ ಏರಿ ಅಷ್ಟು ಎತ್ತರವೇ ಇಲ್ಲ. ನಿಗಾ ತಪ್ಪಿದರೆ ಏನಾಗುತ್ತದೆಂದು ನೋಡಿ: 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಮಣ್ಣಿನ ಅಣೆಕಟ್ಟು ರಾತ್ರಿ ಹೊತ್ತು ಒಡೆದು ಸುಮಾರು ಇಪ್ಪತ್ತು ಜನ ಸತ್ತರು. ಆಗ ಅಲ್ಲಿನ ಮಂತ್ರಿಯೊಬ್ಬರು ತಪ್ಪನ್ನು ಏಡಿಗಳ ಮೇಲೆ ಹಾಕಿದ್ದರು. ಏಡಿ ಬಿಲ ತೋಡುವುದು ನಿಜವೇ, ಬಿಲ ಮುಚ್ಚಿಸುವ ಕೆಲಸ ಮಾತ್ರ ಏಡಿಯದಲ್ಲ.

ಅಯ್ಯನಕೆರೆಗೆ ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ. ಆದರೆ ಕೋಡಿಯ ಕಲ್ಲುಗಳ ಮೇಲೆ ಪಾಚಿ ಜಾರುತ್ತದೆ, ಇಳಿಯಬೇಡಿ. ನಿಮ್ಮೂರಿನ ಕೆರೆಗೆ ಹೋದಾಗ ಒಮ್ಮೆ ಏರಿಯ ಹಿಂಬದಿಗೂ ಇಳಿದು ನೋಡಿ. ಜಿನುಗುವ ನೀರು ಕೆಂಪಗಿದ್ದರೆ ಅವತ್ತೇ ಪಂಚಾಯಿತಿಗೆ ತಿಳಿಸಿ.